ಗುಡ್ಡ ಸಿಡಿಯೂದರೊಳಗ ಒಂದು ತೊಟ್ಟಿಲ

ನಮ್ಮೂರಿಗೆ ದೂರದ ಸುದ್ದಿ ಬಂತಂದ್ರ ಅದು ಸುಮ್ಮನ ಬಂದು ಹೋಗೂದಿಲ್ಲ. ಬೀಗರಂಗ ಬಂದು, ಕಾಲ ತೊಳಕೊಂಡು, ಚಾ ಕುಡದು, ಮನಿ ಮಂದಿಗೆಲ್ಲಾ ಜಗಳಾ ಹಚ್ಚಿ ಹೋಗ್ತೈತಿ. ನಾನು ಯರಗುಪ್ಪಿ ಬಾಜೂಕಿನ ಒಂದೂರಾಗ ವಾಚನಾಲಯ ನೋಡಿಕೊಂಡಿರಾಂವ. ಪೇಪರ ಓದಾಕ ಬರೂ ಮಂದಿ ಕಡಿಮಿ, ಪೇಪರಿನ್ಯಾಗ ಏನ ಬಂದೈತಿ ಅಂತ ನನ್ನ ಕೇಳಾಕ ಬರೂ ಮಂದಿ ಜಾಸ್ತಿ. ಹಿಂಗಾಗಿ ಯಾವ ಸುದ್ದಿ ಊರ ಹೆದರಿಸಿದ್ರೂ ಅದರ ಪಾಪ ನನ್ನ ಕೊಳ್ಳಿಗೆ ಬೀಳ್ತೈತಿ. ಅಮೆರಿಕಾದ ಗುಡ್ಡದ ವಿಷಯದಾಗಂತೂ ನಾನಾಗೇ ಕೊಳ್ಳ ಮುಂದ ಮಾಡಿದೆ.

ಆಗ ನನ್ನ ಚಿಂತಿನ ಬ್ಯಾರೆ ಇತ್ತು. ಮಗಳು ಚೊಚ್ಚಲ ಬಸರಿ. ಏಳನೇ ತಿಂಗಳದಾಗ ಕುಬಸ ಮಾಡಿದ ದಿನ ನನ್ನ ಹೆಂಡತಿ ಉಮೇದಿನಾಗ, ಬೀಗರ ಮುಂದ, "ಕೂಸನ್ನ ಕಲಘಟಗಿ ತೊಟ್ಟಿಲದಾಗ ಹಾಕ್ತೇವ್ರಿ" ಅಂದುಬಿಟ್ಲು. ನಮ್ಮ ಬೀಗತಿ, ಅಂದ್ರ ಮಗಳ ಅತ್ತಿ, ಎಲಿ ಅಡಕಿ ಮಡಚಿಕೋತ "ನೋಡೂಣಂತ್ರಿ" ಅಂದ್ರು. ಆ ಒಂದ ಮಾತಿಗೆ ನನಗ ಮೂರ ದಿನ ನಿದ್ದಿ ಬರಲಿಲ್ಲ. ಬಣ್ಣದ ಚಿತ್ರ ಬರದ ಕಲಘಟಗಿ ತೊಟ್ಟಿಲ ಅಂದ್ರ ಅಂಗಡ್ಯಾಗ ಹೋಗಿ ಹೊತಗೊಂಡ ಬರೂವಂಥಾದ್ದಲ್ಲ, ತಿಂಗಳಗಟ್ಟಲೆ ಕಾಯಬೇಕು. ಅದರ ಮ್ಯಾಲೆ, ಕೂಸ ಹುಟ್ಟೂಕಿಂತ ಮೊದಲ ಖಾಲಿ ತೊಟ್ಟಿಲ ಮನಿಯೊಳಗ ತರಬಾರದು. ಅದಕ್ಕ ಹೆಂಡತಿ ಬಿಟ್ಟು ಯಾರಿಗೂ ಹೇಳದಂಗ ಕಲಘಟಗಿಗೆ ಹೋಗಿ ತೊಟ್ಟಿಲ ಮಾಡಾಕ ಹೇಳಿ ಬಂದೆ. ಮನ್ಯಾಗ ತೊಟ್ಟಿಲ ಅನ್ನೂ ಶಬ್ದನ ಬಂದ್. ಹೆಂಡತಿ "ಆ ಸಾಮಾನ ಎಲ್ಲೀತನಕ ಬಂತ್ರಿ?" ಅಂತ ಕೇಳಾಕಿ.

ಇಷ್ಟರಾಗ ಗುಡ್ಡ ಬಂತು.

೧. ಬಸ್ಸಿನ ಪ್ರಶ್ನೆ

ಒಂದಿನ ಮುಂಜಾನೆ ಬಸ್‌ಸ್ಟ್ಯಾಂಡಿನ ಹೋಟೆಲದ ಟಿವಿಯೊಳಗ ಭೂಮಿ ಉರಿಯಾಕತ್ತಿತ್ತು. ಅಮೆರಿಕಾದಾಗ ಯೆಲ್ಲೋಸ್ಟೋನ್ ಅಂತ ಒಂದ ಜಾಗ ಐತಿ, ಅದರ ಬುಡಕ ಮಹಾಜ್ವಾಲಾಮುಖಿ ಐತಿ, ಅದು ಸಿಡೀತಂದ್ರ ಬೂದಿ ಮುಗಿಲಿಗೆ ಏರಿ ಜಗತ್ತಿಗೆಲ್ಲಾ ಕತ್ತಲಿ ಕವೀತೈತಿ ಅಂತ ಸುದ್ದಿ ಓದೂವಾಕಿ ಉಸರ ಹಿಡಕೊಂಡ ಹೇಳಾಕತ್ತಿದ್ಲು. ಯಾವಾಗ ಸಿಡೀತೈತಿ ಅಂತ ಹೇಳೂದರೊಳಗ ಜಾಹೀರಾತು ಬಂತು.

ಹತ್ತು ಗಂಟೆಕ್ಕ ವಾಚನಾಲಯದ ಕೀಲಿ ತೆಗಿಯಾಕ ಹೋದ್ರ ಬಾಗಲಾಗ ಹನ್ನೆರಡ ಮಂದಿ. ನನ್ನ ಸರ್ವೀಸಿನಾಗ ಅಷ್ಟ ಮಂದಿ ಒಮ್ಮೆಲೇ ಬಂದದ್ದು ಎರಡ ಸಲ. ಮೊದಲನೇ ಸಲ ಹೊರಗ ಮಳಿ ಇತ್ತು.

ನನಗೂ ಹುರುಪ ಬಂತು. ಗ್ವಾಡಿ ಮ್ಯಾಲಿನ ನಕಾಶದಾಗ ಕೋಲ ಇಟ್ಟು ಅಗದಿ ಪ್ರೊಫೆಸರನಂಗ ಒಂದ ತಾಸ ಹೇಳಿದೆ. ಕತ್ತಲಿ ಅಂದೆ, ಥಂಡಿ ಅಂದೆ, ಬೂದಿ ಅಂದೆ. ಸ್ವಲ್ಪ ಉಪ್ಪು ಖಾರಾ ನನ್ನ ಕೈಯಿಂದನೂ ಹಾಕಿದೆ, ಸುಳ್ಳ ಯಾಕ ಹೇಳ್ಲಿ. ಮಂದಿ ಬಾಯಿ ತಕ್ಕೊಂಡ ಕೇಳಿದ್ರು.

ಕಡೀಕ ಒಬ್ಬ ಹಿರೇರು ಕೇಳಿದ್ರು, "ಅಲ್ಲರೀ, ಅದು ಸಿಡೀತಂದ್ರ ಹುಬ್ಬಳ್ಳಿ ಬಸ್ಸ ಬರ್ತಾವೋ ಇಲ್ಲೋ?"

"ಹಗಲೊತ್ತೇ ಕತ್ತಲಾದ್ರ ಬಸ್ಸ ಎಲ್ಲಿಂದ ಬರ್ತಾವ್ರಿ ಅಜ್ಜಾರ? ಬಂದ್ರೂ ಯಾವಾಗ ಬರ್ತಾವು, ಎಲ್ಲಿ ನಿಂದ್ರತಾವು, ಹೇಳಾಕ ಬರೂದಿಲ್ಲ."

ಹಿರೇರು ಟವೆಲ್ಲ ಝಾಡಿಸಿ ಹೆಗಲಿಗೆ ಹಾಕ್ಕೊಂಡು ಎದ್ರು. "ಅಂದ್ರ ಈಗ ಇದ್ದಂಗ ಇರ್ತೈತಿ ಅನ್ನರಿ. ನಾ ಸುಳ್ಳ ಹೆದರಿದ್ದೆ" ಅಂದು ಸಮಾಧಾನಲೆ ಮನಿಗೆ ಹೋದ್ರು.

೨. ಬದುವಿನ ಆಚೆ

ಮಂದಿ ಭಾಳ ಹೆದರಿಕೊಂಡ್ರೋ ಏನೋ ಅಂತ ಮರುದಿನ ಒಂದ ಒಳ್ಳೇ ಮಾತು ಹೇಳೂಣು ಅನಿಸ್ತು. "ಜ್ವಾಲಾಮುಖಿ ಅಂದ್ರ ಬರೇ ನಾಶ ಅಲ್ಲರೀ. ನಮ್ಮ ಎರಿಮಣ್ಣು ಐತಲ್ಲ, ಅದರ ಮೂಲನೂ ಯಾವದೋ ಕಾಲದಾಗ ಭೂಮಿ ಹೊಟ್ಟಿಯಿಂದ ಬಂದ ಬೆಂಕಿ ಕಲ್ಲ" ಅಂದೆ.

ಒಬ್ಬ ಒಕ್ಕಲಿಗ ಹಿಂದ ಕುಂತಿದ್ದ. ಅವಂದೂ ಅವನ ಅಣ್ಣಂದೂ ಹೊಲ ಬಾಜು ಬಾಜು, ನಡುವ ಬದು. ಆ ಬದು ಯಾರದು ಅಂತ ಇಬ್ಬರೂ ಮಾತು ಬಿಟ್ಟು ಭಾಳ ವರ್ಷಾತು. ಅವ ಎದ್ದು ಹತ್ತರ ಬಂದ.

"ಸರ, ಈ ಬೂದಿ ಬಿದ್ದ ಮ್ಯಾಲೆ ಬೆಳಿ ಛಲೋ ಬರ್ತೈತೇನ್ರಿ?"

"ಬರಬಹುದಪಾ. ಆದ್ರ ಅದಕ್ಕ ಸಾವಿರಾರು ವರ್ಷ ಹಿಡೀತೈತಿ."

"ಹಿಡೀಲಿ ಬಿಡ್ರಿ. ಗಾಳಿ ಯಾವ ಕಡಿಂದ ಬರ್ತೈತಿ?"

"ನನಗೇನ ಗೊತ್ತೋ ಮಾರಾಯ. ಪಶ್ಚಿಮದಿಂದ ಅಂತ ತಿಳಕೋ."

ಅವನ ಮುಖಾ ಸಣ್ಣದಾತು. ಪಶ್ಚಿಮಕ್ಕ ಅಣ್ಣನ ಹೊಲ ಇತ್ತು. "ಹಂಗಾದ್ರ ಪೈಲಾ ಅವಂಗ ಬೀಳ್ತೈತಿ. ಉಳದಿದ್ದು ನನಗ. ನಮ್ಮಪ್ಪ ಹಂಚಿದ್ದೂ ಹಿಂಗ, ದೇವರ ಹಂಚೂದೂ ಹಿಂಗ" ಅಂದ. ಅವತ್ತ ಸಂಜೀಕ ಬದುವಿಗೆ ತನ್ನ ಕಡೆ ಒಂದ ಮೊಳ ಮಣ್ಣ ಏರಿಸಿದ, ಬಂದ ಬೂದಿ ಗಾಳಿ ಹೊಳ್ಳಿದ್ರ ಅಣ್ಣನ ಹೊಲಕ್ಕ ವಾಪಸ್ ಹೋಗಬಾರದು ಅಂತ.

೩. ನಮ್ಮವ್ವ ಮತ್ತು ಬೂದಿ

ನಮ್ಮವ್ವಗ ಎಂಬತ್ತ ದಾಟೈತಿ. ಜಳಕ, ಲಿಂಗಪೂಜೆ, ಹಣಿಗೆ ಮೂರ ಬೆರಳ ವಿಭೂತಿ ಆಗದ ಬಾಯಾಗ ನೀರ ಹಾಕೂದಿಲ್ಲ. ಸುದ್ದಿ ಆಕಿ ಕಿವೀಗೂ ಬಿತ್ತು.

"ಏನೋ, ಮುಗಿಲಿಂದ ಬೂದಿ ಬೀಳ್ತೈತಂತ?"

"ಹೌದವ್ವಾ, ಹಂಗಂತಾರು."

"ಯಾರ ಮ್ಯಾಲೆ?"

"ಎಲ್ಲಾರ ಮ್ಯಾಲೂ."

"ಜಳಕ ಮಾಡದವರ ಮ್ಯಾಲೂ?"

"ಜ್ವಾಲಾಮುಖಿಗೆ ಅದೆಲ್ಲಾ ಎಲ್ಲಿ ತಿಳೀತೈತವ್ವಾ."

ಅವ್ವ ಹಣಿ ಮ್ಯಾಲಿನ ವಿಭೂತಿ ಮುಟ್ಟಿ ನೋಡಿಕೊಂಡ್ಲು. "ನಿಮ್ಮಪ್ಪನ ಹಣಿಗೆ ವಿಭೂತಿ ಹಚ್ಚಸಾಕ ಬದಕಿರೂತನಕ ಬಡದಾಡಿದೆ. ಹೊಸ್ತಿಲ ದಾಟೂದರೊಳಗ ಬೆವರ ಅಂತ ಹೇಳಿ ವರಸಿಕೊಂತಿದ್ದ. ನಿನಗೂ ಅದ ಚಾಳಿ. ಈಗ ಶಿವನ ಮುಗಲಾಗ ನಿಂತು ಎಲ್ಲಾರಿಗೂ ಹಚ್ಚತೇನಿ ಅಂದ್ರ ನಾ ಯಾಕ ಬ್ಯಾಡ ಅನ್ಲಿ? ಬೀಳ್ಲಿ" ಅಂದ್ಲು.

ಏನ ಭಕ್ತಿ, ಏನ ಧೈರ್ಯ ಅಂತ ನನ್ನ ಎದಿ ತುಂಬಿ ಬಂತು. ನಾ ಅತ್ತ ಹೊಳ್ಳೂದರೊಳಗ ಹಿಂದಿಂದ ಕರದ್ಲು. "ಮಾಳಗಿ ಮ್ಯಾಲೆ ಹಪ್ಪಳ ಒಣಾ ಹಾಕೇನಿ. ಅವನ್ನಷ್ಟ ಒಳಗ ತಂದ ಇಡು."

೪. ಎತ್ತಿನ ಅಳತಿ

ವಾಚನಾಲಯದ ಎದುರಿಗೆ ನನ್ನ ದೋಸ್ತನ ಟೇಲರ್ ಅಂಗಡಿ. ಸಾಬರಾಂವ, ನಾವಿಬ್ಬರೂ ಒಂದ ಸಾಲ್ಯಾಗ ಕಲ್ತವರು. ಬೂದಿಗೆ ಮಾಸ್ಕ ಬೇಕಾಗ್ತೈತಿ ಅಂತ ಯಾರೋ ಅಂದದ್ದ ತಡ, ಮಂದಿ ಅವನ ಅಂಗಡಿಗೆ ನುಗ್ಗಿದ್ರು. ಕೊರೊನಾದಾಗ ಹೊಲಿದ ಮಾಸ್ಕ ಎರಡ ಚೀಲ ಅವನ ಅಟ್ಟದ ಮ್ಯಾಲೆ ಉಳದಿದ್ದವು. "ನನ್ನ ಬೇಗಂ ದಿನಾ ಬೈತಿದ್ಲು, ತುಗೊಂಡ ಹೋಗ್ರಪಾ" ಅಂತ ಪುಕ್ಕಟ ಹಂಚಿದ.

ಎಲ್ಲಾ ಖಾಲಿ ಆದ ಮ್ಯಾಲೆ ಒಬ್ಬ ಬಂದು, "ನಂದೂ ನನ್ನ ಹೆಂಡತೀದೂ ಆತು. ನನ್ನ ಎತ್ತಿಗೆರಡು ಹೊಲಿದ ಕೊಡು" ಅಂದ.

ದೋಸ್ತ ನಗಚಾಟಕ್ಕ, "ಅಳತಿ ಇಲ್ಲದ ಹೆಂಗ ಹೊಲೀಲೋ? ಕರಕೊಂಡ ಬಾ" ಅಂದ.

ಅರ್ಧಾ ತಾಸಿನ್ಯಾಗ ಅಂವ ಖರೇನ ಒಂದ ಎತ್ತ ಹೊಡಕೊಂಡ ಬಂದು ಅಂಗಡಿ ಕಟ್ಟಿಗೆ ನಿಲ್ಲಿಸಿದ. ಆಡಿದ ಮಾತಿಗೆ ತಪ್ಪಬಾರದಲ್ಲ, ದೋಸ್ತ ಟೇಪ ತುಗೊಂಡ ಎತ್ತಿನ ಮೋತಿಗೆ ಸುತ್ತಿದ. ಎತ್ತು ನಾಲಿಗಿ ಹೊರಗ ಹಾಕಿ ಟೇಪಿನ ಮೊದಲ ನಾಕ ಇಂಚ ತಿಂದ ಹಾಕ್ತು. ಉಳದ ಟೇಪಿನ್ಯಾಗ ಅಂವ ಇನ್ನೂ ಅಳತಿ ತಗೀತಾನು. ಅವತ್ತಿನಿಂದ ನಮ್ಮೂರಾಗ ಎಲ್ಲಾರ ಪ್ಯಾಂಟೂ ನಾಕ ಇಂಚ ಉದ್ದ.

೫. ಸಮಾಧಾನ ಹೇಳಿದ್ದು

ತೊಟ್ಟಿಲ ನೋಡಿ ಬರೂಣು ಅಂತ ದೋಸ್ತನ ಬೈಕ ಹಿಂದ ಕುಂತು ಕಲಘಟಗಿಗೆ ಹೋದೆ. ಮಿಶ್ರಿಕೋಟಿಯೊಳಗ ಚಾ ಕುಡದ್ವಿ. ಅಲ್ಲಿ ಹೋಟೆಲದಾಗೂ ಅದ ಗುಡ್ಡ, ಅದ ಬೂದಿ.

ತೊಟ್ಟಿಲ ಮಾಡೂ ಹಿರೇರ ಮನಿಯೊಳಗ ಹೋದ್ರ ನಂಬಾಕ ಆಗಲಿಲ್ಲ. ಕಟ್ಟಿಗಿ ಕೆಲಸ ಎಲ್ಲಾ ಮುಗದಿತ್ತು. ಒಂದ ಬಾಜು ಶಿವಪಾರ್ವತಿ, ಒಂದ ಬಾಜು ನಂದಿ ಬರದ ಮುಗಿಸಿದ್ರು. ಮೂರನೇ ಬಾಜೂಕ ಬಾಲಕೃಷ್ಣಂದು ಬರೇ ಗೆರಿ ಹಾಕಿದ್ರು. ಹಿರೇರ ಕಣ್ಣ ನಿದ್ದಿಗೆಟ್ಟ ಕೆಂಪಾಗಿದ್ದವು.

"ಇಷ್ಟ್ಯಾಕ ಅವಸರಾ ಮಾಡ್ತೀರಿ ಹಿರೇರ?" ಅಂದೆ.

"ಗುಡ್ಡ ಸಿಡೀತೈತಂತಲ್ರಿ. ಐದ ಮಂದಿಗೆ ಮಾತ ಕೊಟ್ಟೇನಿ. ಕೂಸಿನ ತೊಟ್ಟಿಲ ಅರ್ಧಾ ಬಿಟ್ಟ ಸತ್ತ್ರ ನನಗ ಆ ಕಡೆ ಯಾರ ಒಳಗ ಬಿಟ್ಟಗೊಂತಾರು?" ಅಂದ್ರು. ಕುಂಚ ನಿಲ್ಲಸಲಿಲ್ಲ.

ಇಂಥಾ ಸತ್ಯವಂತ ಮನಿಷ್ಯಾಗ ಸುಮ್ಮಸುಮ್ಮನ ಹೆದರಿಕಿ ಯಾಕ ಅಂತ ಬಾಜೂಕ ಕುಂತು ಬಿಡಿಸಿ ಹೇಳಿದೆ. "ಟಿವಿಯವರ ಮಾತ ಬಿಡ್ರಿ. ವಿಜ್ಞಾನಿಗಳು ಇಷ್ಟರಾಗ ಸಿಡಿಯೂ ಲಕ್ಷಣ ಇಲ್ಲ ಅಂತಾರು. ಸಾವಿರಾರು ವರ್ಷ ಏನೂ ಆಗದನೂ ಇರಬಹುದು."

"ಖರೇನ್ರಿ?"

"ಖರೇ. ನಾ ವಾಚನಾಲಯದಾಂವ."

ಹಿರೇರು ದೊಡ್ಡ ಉಸರ ಬಿಟ್ಟು, ಕುಂಚ ತೊಳದು, ವರಸಿ, ಡಬ್ಬ್ಯಾಗ ಇಟ್ರು. "ಪುಣ್ಯಾ ಬರ್ಲಿ ನಿಮಗ. ಹಂಗಾದ್ರ ಅವಸರಾ ಏನೈತ್ರಿ" ಅಂದು ಅಲ್ಲೇ ಚಾಪಿ ಹಾಸಿಕೊಂಡು ಮಲ್ಕೊಂಡ್ರು. ಎರಡ ನಿಮಿಷದಾಗ ಗೊರಕಿ.

ಹೊಳ್ಳಿ ಬರೂವಾಗ ಹುಬ್ಬಳ್ಳಿಯೊಳಗ ದೋಸ್ತ ಬೈಕ ಬಾಜೂಕ ನಿಲ್ಲಿಸಿ ನನ್ನ ಕಡೆ ಹೊಳ್ಳಿದ. ಆಮ್ಯಾಲೆ ಅಂದ, "ಯಾರ್, ನಿನ್ನ ಬಾಯಿಗೆ ನಾ ಒಂದ ಮಾಸ್ಕ ಇಟ್ಟಕೋಬೇಕಾಗಿತ್ತು."

೬. ಖರೇ ಮಾತು

ಮಗಳು ಗಂಡುಕೂಸ ಹಡದ್ಲು. ಹದಿಮೂರನೇ ದಿನ, ಗುರುವಾರ, ಹೆಸರಿಡೂದು ಅಂತ ಗೊತ್ತಾತು. ಕಲಘಟಗಿಗೆ ಫೋನ್ ಹಚ್ಚಿದ್ರ ಹಿರೇರು ಆರಾಮ ದನಿಯೊಳಗ "ಆಗ್ತೈತಿ ಬಿಡ್ರಿ" ಅಂತಾರು. ಐದ ದಿನ ಉಳದಾಗ ನಾವಿಬ್ಬರೂ ಮತ್ತ ಹೋದ್ವಿ. ಬಾಲಕೃಷ್ಣ ಇನ್ನೂ ಗೆರಿಯೊಳಗ ಇದ್ದ. ನಾಲ್ಕನೇ ಬಾಜು ಬಣ್ಣ ಕಾಣದ ಕೋರಾ ಕಟ್ಟಿಗಿ. ಹಿರೇರು ಚಾಪಿ ಮ್ಯಾಲೆ ಅಡ್ಡಾಗಿದ್ರು.

ಮತ್ತ ಹೆದರಸೂದ ಒಂದ ದಾರಿ ಅಂತ ನಾನು ಮೊಬೈಲಿನ್ಯಾಗ ಅಗದಿ ಭಯಂಕರ ವಿಡಿಯೋ ಹುಡುಕಿಕೊಂಡ ಹೋಗಿದ್ದೆ. ತೋರಿಸಿದೆ. ನೆಲಾ ಅಲಗಾಡಾಕತ್ತೈತಂತ್ರಿ, ಬಿಸಿನೀರ ಚಿಮ್ಮಾಕತ್ತೈತಂತ್ರಿ, ಇವತ್ತೋ ನಾಳೆಯೋ ಅಂತ ಒಂದ ತಾಸ ಒದರಿದೆ. ಹಿರೇರು ಕಣ್ಣಿನ ಚಾಳೀಸ ತಗದು ನನ್ನ ನೋಡಿದ್ರು.

"ಅವತ್ತ ಸಾವಿರಾರು ವರ್ಷ ಅಂದ್ರಿ. ಇವತ್ತ ನಾಳೆ ಅಂತೀರಿ. ಯಾವದು ಖರೇರಿ?"

ನನಗ ನಾಚಿಕಿ ಆತು. ಕಣ್ಣಾಗ ನೀರ ಬಂದ್ವು. "ಹಿರೇರ, ಆ ಗುಡ್ಡ ಯಾವಾಗ ಸಿಡೀತೈತೋ ನನಗ ಗೊತ್ತಿಲ್ಲ. ಆದ್ರ ನಮ್ಮ ಬೀಗತಿ ಮಾತ್ರ ಗುರುವಾರ ಹನ್ನೊಂದ ಗಂಟೆಕ್ಕ ಸಿಡೀತಾರು. ತೊಟ್ಟಿಲ ಇರಲಿಲ್ಲಂದ್ರ ಆ ಬೂದಿ ನನ್ನ ಮಗಳ ತಲಿ ಮ್ಯಾಲೆ ಜೀವನಪೂರ್ತಿ ಬೀಳ್ತೈತಿ" ಅಂದೆ.

ಹಿರೇರು ತಟ್ಟನೆ ಎದ್ದ ಕುಂತು ಕುಂಚ ತುಗೊಂಡ್ರು. "ಅದನ್ನ ಮೊದಲ ಹೇಳಬಾರದೇನ್ರಿ? ನನಗೂ ಮೂರ ಮಂದಿ ಹೆಣ್ಣಮಕ್ಕಳು. ನಾಲ್ಕನೇ ಬಾಜೂಕ ಏನ ಬರೀಲಿ?"

"ನಿಮ್ಮ ಮನಸಿಗೆ ಏನ ಬರ್ತೈತಿ ಅದನ್ನ ಬರೀರಿ. ಲಗೂ ಬರೀರಿ."

ಹೊರಗ ಬಂದ ಮ್ಯಾಲೆ ದೋಸ್ತ ಬೈಕಿಗೆ ಕಿಕ್ ಹೊಡಕೋತ ಅಂದ, "ಒಂದ ತಾಸ ಅಮೆರಿಕಾದ ಹೆಸರಲೆ ಹೆದರಿಸಿದಿ, ಅಜ್ಜ ಅಲಗಾಡಲಿಲ್ಲ. ಬೀಗತಿ ಅಂದಿ, ಎದ್ದ ಕುಂತ."

೭. ನಾಲ್ಕನೇ ಬಾಜು

ಗುರುವಾರ ಬೀಗರು ಒಂದ ಟೆಂಪೋ ಮಂದಿ ಕರಕೊಂಡ ಬಂದ್ರು. ಹತ್ತೂವರಿ ಆದ್ರೂ ತೊಟ್ಟಿಲ ಇಲ್ಲ. ಬೀಗತಿ ಪಡಸಾಲಿ ನಡುವ ಜಮಖಾನಿ ಮ್ಯಾಲೆ ಕುಂತು, ಮಾಳಗಿ ತೊಲಿಯೊಳಗಿನ ಖಾಲಿ ಕೊಂಡಿ ನೋಡಿ, ನನ್ನ ನೋಡಿ, ಮತ್ತ ಕೊಂಡಿ ನೋಡಿದ್ರು. ಒಳಗ ಮಗಳು ಕೂಸನ್ನ ಎದಿಗೆ ಅವಚಿಕೊಂಡ ಕುಂತಿದ್ಲು. ಮುಖದಾಗ ಬಣ್ಣ ಇರಲಿಲ್ಲ. ನಾ ಹತ್ತನೇ ಸಲ ಬಾಗಲಕ್ಕ ಹೋಗಿ ರಸ್ತೆ ನೋಡಿ ಬಂದೆ.

ಹನ್ನೊಂದಕ್ಕ ಹತ್ತ ನಿಮಿಷ ಇದ್ದಾಗ ಬಾಗಲಾಗ ಗಾಡಿ ನಿಂತ ಸಪ್ಪಳಾತು. ಹಿರೇರು ತಾವ ಬಂದಿದ್ರು. ಬಣ್ಣ ಹೊಸಾದು, ಯಾರರೆ ಮುಟ್ಟಿ ಕೆಡಿಸಿಗಿಡಿಸ್ಯಾರು ಅಂತ ಕಲಘಟಗಿಯಿಂದ ತೊಟ್ಟಿಲದ ಬಾಜೂಕ ನಿಂತಗೊಂಡ ಬಂದಿದ್ರು. ಕೊಂಡಿಗೆ ಹಾಕಿ ಮ್ಯಾಲೆ ಮುಚ್ಚಿದ ಅರಬಿ ತಗದ್ವಿ. ಹೆಣ್ಣಮಕ್ಕಳೆಲ್ಲಾ "ಅಯ್ಯ ಶಿವನ" ಅಂದ್ರು. ಕೆಂಪು, ಹಳದಿ, ಹಸರು, ಮನಿ ತುಂಬ ಬೆಳಕಾದಂಗಾತು.

ಬೀಗತಿ ಎದ್ದು ಚಾಳೀಸ ಹಾಕ್ಕೊಂಡು ಒಂದ ಸುತ್ತ ಹಾಕಿದ್ರು. ಶಿವಪಾರ್ವತಿಗೆ ಕೈ ಮುಗದ್ರು. ನಂದಿಗೆ ಕೈ ಮುಗದ್ರು. ಬಾಲಕೃಷ್ಣನ ನೋಡಿ ಸ್ವಲ್ಪ ನಕ್ಕ್ರು. ನನ್ನ ಹೆಂಡತಿ ಉಸರ ಬಿಟ್ಲು. ನಾಲ್ಕನೇ ಬಾಜೂಕ ಹೋಗಿ ನಿಂತರು. ಅಲ್ಲೇ ನಿಂತುಬಿಟ್ರು.

ನಾನೂ ಬಗ್ಗಿ ನೋಡಿದೆ. ಒಂದ ಗುಡ್ಡ. ಹಸರ ಸೀರಿ ಉಟ್ಟಂಥಾ ಗುಡ್ಡ. ಹಣಿ ಮ್ಯಾಲೆ ರೂಪಾಯಿಯಷ್ಟ ಕುಂಕಮ, ಮೂಗಿನ್ಯಾಗ ಮುತ್ತಿನ ನತ್ತು, ನೆತ್ತಿಯಿಂದ ಬೆಂಕಿ, ಹೊಗಿ.

"ಇದ ಯಾವ ಗುಡ್ಡರಿ ಬೀಗರ?"

"ಕೈಲಾಸರಿ" ಅಂದೆ. ದನಿ ನನಗ ಕೇಳಸಲಿಲ್ಲ.

"ಕೈಲಾಸಕ್ಕ ನತ್ತ ಯಾವಾಗ ಹಾಕಿದ್ರು?"

ಹಿರೇರು ಮುಂದ ಬಂದ್ರು. ಅವರಿಗೆ ತಮ್ಮ ಕೆಲಸದ ವಿಷಯದಾಗ ಸುಳ್ಳ ನಡಿಯೂದಿಲ್ಲ. "ಕೈಲಾಸ ಅಲ್ರಿ ತಾಯಿ, ಅದು ನೀವು. ಗುರುವಾರ ಸಿಡೀತಾರು ಅಂತ ನಿಮ್ಮ ಬೀಗರು ಹೇಳಿದ್ರು, ಹೇಳಿದಂಗ ಬರದೇನಿ. ನಾ ನಿಮ್ಮನ್ನ ನೋಡಿರಲಿಲ್ಲ. ತಪ್ಪಿದ್ರ ಹೇಳ್ರಿ, ಕುಂಚ ತಂದೇನಿ, ಇಲ್ಲೇ ತಿದ್ದತೇನಿ."

ನನ್ನ ಹೆಂಡತಿ ಅಲ್ಲೇ ಕುಕ್ಕರಿಸಿದ್ಲು. ದೋಸ್ತ ಮೆಲ್ಲಕ ಬಾಗಲ ಕಡೆ ಸರದ. ಬೀಗತಿ ಚಾಳೀಸ ತಗದು ವರಸಿ, ಮತ್ತ ಹಾಕ್ಕೊಂಡು, ಬಗ್ಗಿ, ಭಾಳ ಹೊತ್ತ ನೋಡಿದ್ರು. ಆಮ್ಯಾಲೆ ಒಳಗ ಹೋಗಿ ಮಗಳ ಕೈಯಾಗಿಂದ ಕೂಸನ್ನ ತಾವ ಎತಗೊಂಡ ಬಂದು, ಗುಡ್ಡದ ಕಡೆ ತಲಿ ಮಾಡಿ ತೊಟ್ಟಿಲದಾಗ ಮಲಗಿಸಿದ್ರು. ಒಂದ ಸಲ ತೂಗಿದ್ರು.

"ಮೂಗ ಮೂಗಿನಂಗ ಬಂದೈತಿ. ಕುಂಕಮ ಬರೋಬ್ಬರಿ ಐತಿ" ಅಂದ್ರು. "ಆದ್ರ ಬೆಂಕಿ ಭಾಳ ಕಡಿಮಿ ಆತ್ರಿ ಹಿರೇರ. ಬೇಕಾದ್ರ ನಮ್ಮ ಮನಿಯವರನ್ನ ಕೇಳ್ರಿ."

ಮುಂಜಾನಿಂದ ಗ್ವಾಡಿಗೆ ಆತು ಕುಂತು ತುಟಿ ಪಿಟಕ್ ಅನ್ನದ ನಮ್ಮ ಬೀಗರು ಆಗ ಒಂದ ಸಲ ಬಾಯಿ ಬಿಟ್ರು.

"ಹೌದ್ರಿ."