ಬಿಲ್ಡರ್ ಬಂದಿದ್ದನೇ ಎಂದು ಕೇಳಿದ್ದಕ್ಕೆ

ನಗರಪಾಲಿಕೆಯವರ ಜೊತೆ ಇನ್ನು ಜಗಳ ಬೇಡ ಎಂದು ನಾನು ಪ್ರತಿ ವರ್ಷ ತೀರ್ಮಾನ ಮಾಡುತ್ತೇನೆ. ಅವರೇ ಬಿಡುವುದಿಲ್ಲ.

ಬರೋಡಾದಲ್ಲಿ ನಮ್ಮದೊಂದು ಇಡ್ಲಿ ದೋಸೆಯ ಹೋಟೆಲು. ಕುಂದಾಪುರದ ಕಡೆಯಿಂದ ಬಂದು, ಮೊದಲು ಅಹಮದಾಬಾದಿನಲ್ಲಿ ಮಿಲ್ಲಿನ ಗೇಟಿನೆದುರು ಕೈಗಾಡಿಯಲ್ಲಿ ಇಡ್ಲಿ ಮಾರಿ, ಆಮೇಲೆ ಇಲ್ಲಿ ಸ್ವಂತ ಬೋರ್ಡು ಹಾಕಿದವರು ನಾವು. ಗಂಡ ಒಲೆಯ ಮುಂದೆ, ನಾನು ಗಲ್ಲಾಪೆಟ್ಟಿಗೆಯ ಮುಂದೆ. ಶಾಲೆ ನನಗೆ ಬೇಗ ಮುಗಿದುಹೋಯಿತು, ಓದು ಮುಗಿಯಲಿಲ್ಲ. ಗುಜರಾತಿ ಅಕ್ಷರಗಳನ್ನು ಬಸ್ಸಿನ ಕಿಟಕಿಯಿಂದ ಅಂಗಡಿಗಳ ಹೆಸರು ನೋಡಿ ಕಲಿತೆ. ಈಗ ಪೇಪರ್ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ನಾನು ಯಾರಿಗೂ ಚಿಲ್ಲರೆ ಕೊಡುವುದಿಲ್ಲ.

ನಮ್ಮ ಮನೆಯಿರುವ ಸೊಸೈಟಿಯ ಹಿಂದೆ ಒಂದು ಖಾಲಿ ಪ್ಲಾಟು. ಊರಿನ ನಕ್ಷೆಯ ಪ್ರಕಾರ ಅದು ಮಕ್ಕಳ ಆಟದ ಬಯಲು. ನನ್ನ ಮೊದಲ ಎರಡು ಮಕ್ಕಳು ಹೋಟೆಲಿನ ಉಗ್ರಾಣದಲ್ಲಿ ಅಕ್ಕಿಮೂಟೆ ಹತ್ತಿ ಇಳಿದೇ ದೊಡ್ಡವರಾದರು. ಮೂರನೆಯವಳಿಗಾದರೂ ಓಡಾಡಲು ಮಣ್ಣಿನ ನೆಲ ಸಿಗಬೇಕು ಎಂಬುದು ನನ್ನ ಹಟ. ಅಲ್ಲಿ ಅಂಗಡಿಗಳ ಸಾಲು ಎಬ್ಬಿಸಬೇಕು ಎಂಬುದು ಒಬ್ಬ ಬಿಲ್ಡರನ ಹಟ. ಎಂಬತ್ತರ ದಶಕದ ಆರಂಭ ಅದು. ಅವನು ಇವತ್ತು ಕಾರ್ಪೊರೇಟರನ್ನು ಕಂಡನಂತೆ, ನಾಳೆ ಅಧಿಕಾರಿಯನ್ನು ಕಾಣುತ್ತಾನಂತೆ, ನಕ್ಷೆಯೇ ಬದಲಾಗುತ್ತದಂತೆ ಎಂದು ಸುದ್ದಿ ಹಬ್ಬಿತು. ಸೊಸೈಟಿಯ ಹೆಂಗಸರು ಸೇರಿ ಕೇಳಿದ್ದು ಇಷ್ಟೇ: ಈ ಪ್ಲಾಟಿನ ವಿಷಯಕ್ಕೆ ಯಾರು ಬಂದು ಯಾರನ್ನು ಕಂಡರು, ಏನು ಕೇಳಿದರು, ವಾರ್ಡ್ ಆಫೀಸಿನ ಬಾಗಿಲಲ್ಲಿ ಬರೆದು ಹಾಕಿ. ಪಾಲಿಕೆಯವರು ನಮ್ಮನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾವು ಅವರ ಮನೆಯ ಕಪಾಟಿನ ಬೀಗದ ಕೈ ಕೇಳಿದ್ದೆವೇನೋ!

ಫ್ಯಾಮಿಲಿ ರೂಮು

ಉಡುಪಿ ಹೋಟೆಲು ಎಂದಮೇಲೆ ಫ್ಯಾಮಿಲಿ ರೂಮು ಇರಲೇಬೇಕು. ಹಲಗೆಯ ಗೋಡೆ, ಎದುರಿಗೊಂದು ಪರದೆ. ಹೊಸದಾಗಿ ಮದುವೆಯಾದವರು, ಮಗುವಿಗೆ ಹಾಲು ಕುಡಿಸುವ ತಾಯಂದಿರು ನೆಮ್ಮದಿಯಾಗಿ ಕೂರಲಿ ಎಂದು ನಾನೇ ಮುಂದೆ ನಿಂತು ಮಾಡಿಸಿದ್ದು. ಅದರೊಳಗೆ ನಮ್ಮ ಕಾರ್ಪೊರೇಟರನೂ ಆ ಬಿಲ್ಡರನೂ ವಾರವಾರ ಬಂದು ಕೂರತೊಡಗಿದರು. ಕೈಗೂಸು ಎತ್ತಿಕೊಂಡ ಸೊಸೆಯಂದಿರು ಹೊರಗೆ ಕಾಯಬೇಕು, ಈ ಎರಡು ಹೊಟ್ಟೆಗಳು ಒಳಗೆ ಗುಸುಗುಸು ಎನ್ನಬೇಕು.

ಗುಜರಾತಿನಲ್ಲಿ ಗಂಡಸರೆಲ್ಲ ಭಾಯಿ, ಹೆಂಗಸರೆಲ್ಲ ಬೆನ್. ಒಂದು ದಿನ ನಾನೇ ಹೋಗಿ ಪರದೆ ಸರಿಸಿದೆ. “ಭಾಯಿ, ಇದು ಫ್ಯಾಮಿಲಿಯವರಿಗೆ.”

“ಇವರು ನಮ್ಮ ಫ್ಯಾಮಿಲಿಯೇ, ಬೆನ್,” ಎಂದು ಕಾರ್ಪೊರೇಟರ್ ಹಲ್ಲು ಬಿಟ್ಟ.

ನನ್ನ ಗಂಡ ಅಡುಗೆಮನೆಯಿಂದಲೇ ಕಣ್ಣುಸನ್ನೆ ಮಾಡಿದರು. “ಎಂತಕ್ಕೆ ಮಾರಾಯ್ತಿ, ನಾಳೆ ಲೈಸೆನ್ಸಿಗೆ ಅವನ ಹತ್ತಿರವೇ ಹೋಗಬೇಕು” ಎಂದರು. ಲೈಸೆನ್ಸ್ ಕೊಡುವುದು ಅವನ ಅಪ್ಪನ ಮನೆಯಿಂದ ಅಲ್ಲ ಎಂದೆ. ಅವರು ದೋಸೆ ಮಗುಚಲು ಹೋದರು.

ಮುಂದಿನ ವಾರ ಇಬ್ಬರೂ ಬಂದಾಗ ಪರದೆ ಇರಲಿಲ್ಲ. ಇಡೀ ಹೋಟೆಲಿಗೆ ಕಾಣುವ ಹಾಗೆ ಮುಖ ತಗ್ಗಿಸಿ ಕೂತರು.

“ಬೆನ್, ಪರದೆ ಎಲ್ಲಿ?”

“ಕೊಳೆಯಾಗಿತ್ತು ಭಾಯಿ, ಒಗೆಯಲು ಹಾಕಿದ್ದೇನೆ.”

“ಯಾವಾಗ ಬರುತ್ತದೆ?”

“ನಿಮ್ಮ ಅವಧಿ ಮುಗಿದ ಮೇಲೆ.”

ಗೋಡೆಯ ಗಡಿಯಾರ

ನಮ್ಮ ಬೇಡಿಕೆ ಹಿಡಿದು ಹೆಂಗಸರೆಲ್ಲ ನಗರ ಯೋಜನಾ ಸಮಿತಿಯ ಅಧ್ಯಕ್ಷನ ಬಳಿಗೆ ಹೋದೆವು. ಮುಂದಾಳು ನಮ್ಮ ಪಕ್ಕದ ಮನೆಯ ಗುಜರಾತಿ ಮಾಸಿ, ಎಂದರೆ ಎಲ್ಲರಿಗೂ ಚಿಕ್ಕಮ್ಮ. ವಯಸ್ಸಾಗಿದೆ, ಮಂಡಿ ನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಅಧ್ಯಕ್ಷ ಕೈ ಮುಗಿದು, “ಬರೆದು ಹಾಕುವುದು ಯಾರ ಹೆಸರು ಬೆನ್? ನನ್ನ ಹತ್ತಿರ ಯಾವ ಬಿಲ್ಡರನೂ ಬರುವುದೇ ಇಲ್ಲ,” ಎಂದ.

ನನಗೆ ಓದುವ ಚಟ. ಗೋಡೆಯ ಕ್ಯಾಲೆಂಡರ್ ಓದಿದೆ, ಅದೇ ಬಿಲ್ಡರನ ಹೆಸರು. ಮೇಜಿನ ಪೆನ್‌ಸ್ಟ್ಯಾಂಡ್ ಓದಿದೆ, ಅದೇ ಹೆಸರು. ಅವನ ತಲೆಯ ಮೇಲೆ ನೇತಾಡುವ ಗಡಿಯಾರದಲ್ಲೂ ಬಂಗಾರದ ಬಣ್ಣದಲ್ಲಿ ಅದೇ ಹೆಸರು.

“ಯಾರೂ ಬಾರದಿದ್ದರೆ ಇವೆಲ್ಲ ತಾವೇ ನಡೆದುಕೊಂಡು ಬಂದವೇ?” ಎಂದು ಕೇಳಿದೆ.

“ದೀಪಾವಳಿಗೆ ಯಾರೋ ಇಟ್ಟು ಹೋಗಿರಬೇಕು. ನಾನು ಅದನ್ನೆಲ್ಲ ಗಮನಿಸುವುದಿಲ್ಲ.” ಹಾಗೆಂದವನೇ ತಲೆಯೆತ್ತಿ ಆ ಗಡಿಯಾರವನ್ನೇ ನೋಡಿದ. “ನಿಮಗೆ ಕೊಟ್ಟ ಸಮಯ ಮುಗಿಯಿತು.”

ಮಾಸಿ ತನ್ನ ಕೈಗಡಿಯಾರವನ್ನು ಕಣ್ಣಿನ ಹತ್ತಿರ ತಂದು ನೋಡಿದಳು. “ಬೇಟಾ, ನಿನ್ನದು ಹತ್ತು ನಿಮಿಷ ಮುಂದಿದೆ. ಕೊಟ್ಟವನನ್ನು ಕರೆದು ಸರಿ ಮಾಡಿಸು. ನಾವು ಇಲ್ಲೇ ಕೂತಿರುತ್ತೇವೆ, ಅವನನ್ನು ನೋಡಿದ ಹಾಗೂ ಆಗುತ್ತದೆ.”

ಕನ್ನಡದಲ್ಲೇ ಮಾತಾಡಬೇಕು

ಗುಜರಾತಿಗಳನ್ನಷ್ಟೇ ಬೈದರೆ ಅನ್ಯಾಯವಾಗುತ್ತದೆ. ಆ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಯಾರು ಎಂದುಕೊಂಡಿರಿ? ಅದೇ ಕಾರ್ಪೊರೇಟರ್. ಸಂಘಕ್ಕೆ ಕಟ್ಟಡ ಕಟ್ಟಲು ಜಾಗ ಬೇಕಿತ್ತು. ನಮ್ಮ ಕಾರ್ಯದರ್ಶಿ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯವರು. ಅವರೂ ಸದ್ದಿಲ್ಲದೆ ಹೋಗಿ ಅವನನ್ನು ಕಂಡು ಬಂದಿದ್ದರು. ನನಗೆ ಗೊತ್ತಾದಾಗ ಮೈಯೆಲ್ಲ ಉರಿಯಿತು. ಬಿಲ್ಡರ್ ಕದ್ದು ಹೋದರೆ ತಪ್ಪು, ನಾವು ಕದ್ದು ಹೋದರೆ ಕನ್ನಡದ ಸೇವೆಯೇ?

ಸಭೆಯಲ್ಲಿ ಎದ್ದು ನಿಂತೆ. ಅವನಿಗೆ ತಿಳಿಯಲಿ ಎಂದು ಗುಜರಾತಿಯಲ್ಲೇ ಬಾಯಿ ತೆರೆದೆ.

“ಅಕ್ಕಾ,” ಎಂದು ಕಾರ್ಯದರ್ಶಿ ಮೈಕಿನಲ್ಲಿ ತಡೆದರು, “ಇವತ್ತು ಕನ್ನಡ ಮಾತ್ರ. ಸಂಘದ ನಿಯಮ. ಅತಿಥಿಗಳಿಗೆ ನಾನು ಅನುವಾದ ಮಾಡುತ್ತೇನೆ.”

ಸರಿ ಎಂದು ಗಟ್ಟಿಯಾಗಿ ಕನ್ನಡದಲ್ಲೇ ಕೇಳಿದೆ: “ಮಕ್ಕಳ ಬಯಲನ್ನು ಮಾರಲು ಬಿಲ್ಡರ್ ಜೊತೆ ಕದ್ದು ಮಾತಾಡುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?”

ಕಾರ್ಯದರ್ಶಿ ಅವನ ಕಿವಿಯ ಹತ್ತಿರ ಬಗ್ಗಿ, ಮಕ್ಕಳ ಬಗ್ಗೆ ತಾವು ಪಡುವ ಶ್ರಮವನ್ನು ಈ ತಾಯಿ ಮೆಚ್ಚಿ ಮಾತಾಡುತ್ತಿದ್ದಾರೆ ಎಂದರು. ನನಗಷ್ಟೇ ಅಲ್ಲ, ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ನಮ್ಮವರಿಗೆ ಗುಜರಾತಿ ಬಾರದೇ?

ಕಾರ್ಪೊರೇಟರ್ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ನನಗೆ ತಲೆ ಬಾಗಿಸಿದ. ಅವನ ಉತ್ತರವನ್ನು ಮಾತ್ರ ಕಾರ್ಯದರ್ಶಿ ಅಭ್ಯಾಸಬಲದಿಂದ ಅಕ್ಷರ ತಪ್ಪದೆ ಕನ್ನಡಕ್ಕೆ ತಂದರು: “ಇದರಲ್ಲಿ ಹೊಗಳುವಂಥದ್ದೇನಿದೆ? ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ. ನಿಮ್ಮ ಆಶೀರ್ವಾದವಿದ್ದರೆ ಇನ್ನೂ ಹೆಚ್ಚು ಮಾಡುತ್ತೇನೆ.”

ಗಾಳಿಪಟದ ದಿನದ ವಿಚಾರಣೆ

ಯಾರು ಯಾರನ್ನು ಕಂಡರು ಎಂದು ಬರೆಯುವ ಹಲಗೆಯನ್ನು ಅವರು ಇವತ್ತಿಗೂ ಹಾಕಿಲ್ಲ. ಆ ಸಿಟ್ಟು ನನಗೆ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಬಯಲು ಉಳಿಯಿತು. ನನ್ನ ಮೂರನೆಯವಳು ಅಲ್ಲಿ ಬಿದ್ದು ಮಂಡಿ ತರಚಿಸಿಕೊಂಡಳು. ಅದು ಉಳಿದದ್ದು ಹೀಗೆ.

ನಕ್ಷೆ ಬದಲಿಸುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಆ ವಿಚಾರಣೆಗೆ ಅವರು ಗೊತ್ತು ಮಾಡಿದ ದಿನ ಸಂಕ್ರಾಂತಿಯ ಮಾರನೆಯ ದಿನ, ವಾಸಿ ಉತ್ತರಾಯಣ. ಗುಜರಾತಿನಲ್ಲಿ ಬಾಳಿದವರಿಗೆ ಇದರ ಕುತಂತ್ರ ತಿಳಿಯುತ್ತದೆ. ಹಬ್ಬದ ದಿನ ಸಾಲದೆಂದು ಮಾರನೆಯ ದಿನವೂ ಊರಿಗೆ ಊರೇ ತಾರಸಿಯ ಮೇಲಿರುತ್ತದೆ, ಕೈಯಲ್ಲಿ ಗಾಳಿಪಟದ ದಾರ ಹಿಡಿದವರು ಮನೆಗೆ ಕಳ್ಳ ಬಂದರೂ ಇಳಿಯುವುದಿಲ್ಲ. ನಾವು ಇಳಿದೆವು. ಹೋಟೆಲಿಗೆ ಬೀಗ ಹಾಕಿ, ಮಾಸಿಯನ್ನು ರಿಕ್ಷಾದಲ್ಲಿ ಕೂರಿಸಿ, ಮಕ್ಕಳನ್ನೂ ಎಳೆದುಕೊಂಡು ವಾರ್ಡ್ ಆಫೀಸಿಗೆ ಹೋದೆವು.

ಅಲ್ಲಿ ವಿಚಾರಣೆಯ ಅಧಿಕಾರಿ ಒಬ್ಬನೇ ಕೂತಿದ್ದ. ಹೊರ ಊರಿನಿಂದ ಹೊಸದಾಗಿ ಬಂದ ಹುಡುಗ, ಹಬ್ಬ ಹಾಳಾಯಿತೆಂದು ಮುಖ ಊದಿಸಿಕೊಂಡಿದ್ದ. “ಕಾರ್ಪೊರೇಟರ್ ಇನ್ನೂ ಬಂದಿಲ್ಲ,” ಎಂದ.

“ಬಂದಿದ್ದಾರಲ್ಲ,” ಎಂದ ಜವಾನ, “ತಾರಸಿಯ ಮೇಲಿದ್ದಾರೆ.”

ಹಿಂದಿನ ವಾರವಷ್ಟೇ ಈ ಕಾರ್ಪೊರೇಟರ್ ನಮ್ಮ ಸೊಸೈಟಿಗೆ ಬಂದು, ಆ ಬಿಲ್ಡರ್ ಎದುರಿಗೆ ನಿಂತರೂ ತನಗೆ ಗುರುತು ಸಿಗುವುದಿಲ್ಲ ಎಂದು ದೇವರ ಮೇಲೆ ಆಣೆ ಹಾಕಿದ್ದ. ಅಧಿಕಾರಿಯ ಜೊತೆ ನಾವೆಲ್ಲ ಮೆಟ್ಟಿಲು ಹತ್ತಿ ನೋಡಿದರೆ ಬಿಲ್ಡರ್ ಗಾಳಿಪಟ ಹಾರಿಸುತ್ತಿದ್ದಾನೆ, ಅವನ ಬೆನ್ನಿಗೆ ಅಂಟಿಕೊಂಡು ಕಾರ್ಪೊರೇಟರ್ ದಾರ ಸುತ್ತಿದ ಫಿರ್ಕಿ ಹಿಡಿದು ನಿಂತಿದ್ದಾನೆ! ಆಕಾಶದಲ್ಲಿ ಎದುರು ತಾರಸಿಯ ಪಟದೊಡನೆ ದಾರಕ್ಕೆ ದಾರ ಸಿಕ್ಕಿ ಜೋರು ಪೇಚು ಬಿದ್ದಿತ್ತು. ಇಬ್ಬರ ಕಣ್ಣೂ ಮೇಲೆ.

“ಸಾಹೇಬ್, ವಿಚಾರಣೆ ಇಲ್ಲೇ ಆಗಲಿ,” ಎಂದೆ.

ಆ ಹುಡುಗನಿಗೂ ರೋಷವಿತ್ತು. ಅಲ್ಲೇ ನಿಂತು ಪ್ರಸ್ತಾವವನ್ನು ಗಟ್ಟಿಯಾಗಿ ಓದಿದ. ಪಕ್ಕದ ತಾರಸಿಯವರು ಧ್ವನಿವರ್ಧಕದ ಹಾಡು ನಿಲ್ಲಿಸಿ ಕಿವಿಗೊಟ್ಟರು.

“ಬಯಲು ಬಯಲಾಗಿಯೇ ಇರಲಿ ಎನ್ನುವವರು ಕೈ ಎತ್ತಿ.”

ನಾವೆಲ್ಲ ಎತ್ತಿದೆವು. ಸುತ್ತಲಿನ ತಾರಸಿಗಳಿಂದಲೂ ಕೈಗಳು ಎದ್ದವು. ಮಾಸಿ ಎರಡೂ ಕೈ ಎತ್ತಿದಳು.

“ಅಂಗಡಿ ಬೇಕೆನ್ನುವವರು?”

ಯಾರೂ ಇಲ್ಲ. ಬಿಲ್ಡರ್ ಎರಡೂ ಕೈಯಲ್ಲಿ ದಾರ ಎಳೆಯುತ್ತ, “ಢೀಲ್ ಬಿಡು, ಢೀಲ್!” ಎಂದು ಕೂಗಿದ. ಕಾರ್ಪೊರೇಟರ್ ಫಿರ್ಕಿ ಸಡಿಲಿಸಿದ.

“ಕಾರ್ಪೊರೇಟರ್ ಸಾಹೇಬ್, ನೀವು?” ಎಂದು ಅಧಿಕಾರಿ ಕೇಳಿದ.

“ನಾನು ಅಂಗಡಿಯ ಪರ! ಆದರೆ ಕೈ ಎತ್ತುವುದು ಹೇಗೆ? ಇವರ ಫಿರ್ಕಿ ಹಿಡಿದಿದ್ದೇನಲ್ಲ!”

“ಇವರು ನಿಮಗೆ ಗೊತ್ತಿರುವವರೇ?”

ಆಕಾಶದಿಂದ ಕಣ್ಣು ಕೀಳದೆ, ಮೂರು ಬೀದಿಗೆ ಕೇಳುವ ಹಾಗೆ ಅವನು ಗದರಿದ: “ಎಂಥ ಪ್ರಶ್ನೆ ಕೇಳುತ್ತೀರಿ ಸಾಹೇಬ್! ಗುರುತಿಲ್ಲದವರ ಕೈಗೆ ಯಾರಾದರೂ ಫಿರ್ಕಿ ಕೊಡುತ್ತಾರೆಯೇ? ಚಡ್ಡಿ ಹಾಕುವ ಕಾಲದಿಂದ ಇವರದ್ದು ನಾನೇ ಹಿಡಿಯುವುದು!”