ಆರು ಮೊಳದ ಆಚೆಗಿನ ಬಾಡು

ನಮ್ಮ ಸೋದರಮಾವನಷ್ಟು ಮಡಿವಂತ ಮನುಷ್ಯ ಗುಂಡ್ಲುಪೇಟೆಯಲ್ಲಿ ಇನ್ನೊಬ್ಬನಿರಲಿಲ್ಲ. ವಾರಕ್ಕೆ ಆರು ದಿನ ತಪ್ಪದೆ ಬಾಡಿನಂಗಡಿಗೆ ಹೋಗುತ್ತಿದ್ದವನೂ ಗುಂಡ್ಲುಪೇಟೆಯಲ್ಲಿ ಅವನೊಬ್ಬನೇ!

ನಗಬೇಡಿ, ಪೂರ್ತಿ ಕೇಳಿ. ಮಾವ ಬೆಳಿಗ್ಗೆ ಎದ್ದರೆ ತಣ್ಣೀರು ಸ್ನಾನ, ಹಣೆಗೆ ಮೂರು ಬೆರಳಿನ ವಿಭೂತಿ, ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ಒಂದು ಹನಿ ನೀರಿಲ್ಲ. ಹುಟ್ಟಿದಾಗಿನಿಂದ ಮಾಂಸದ ರುಚಿ ಹೋಗಲಿ, ವಾಸನೆ ಬಂದರೂ ಮೂಗಿಗೆ ಟವೆಲ್ಲು. ಇಂಥವನು ಪೂಜೆ ಮುಗಿಸಿ ನೇರ ಹೋಗುತ್ತಿದ್ದುದು ಎಲ್ಲಿಗೆ? ಪೇಟೆಯ ಸಾಬರ ಬಾಡಿನಂಗಡಿಗೆ! ಯಾರಿಗೋಸ್ಕರ? ಮನೆಯಲ್ಲಿದ್ದ ಮೂರು ಬೆಕ್ಕುಗಳಿಗೋಸ್ಕರ!

ಮಾವನಿಗೆ ದವಸದ ಮಂಡಿ ಇತ್ತು. ಮಂಡಿ ಅಂದ ಮೇಲೆ ಇಲಿ, ಇಲಿ ಅಂದ ಮೇಲೆ ಬೆಕ್ಕು, ಅದರಲ್ಲೇನೂ ವಿಶೇಷವಿಲ್ಲ. ಆದರೆ ಈ ಮೂರರ ಕಾಟಕ್ಕೆ ನಮ್ಮ ಇಲಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಮಂಡಿಗೆ ವಲಸೆ ಹೋಗಿ ಎಷ್ಟೋ ವರ್ಷವಾಗಿತ್ತು. ಆಮೇಲೂ ಮಾವ ಅವಕ್ಕೆ ಹಸಿ ಬಾಡು ತಂದು ಹಾಕುತ್ತಿದ್ದ. ಪಕ್ಕದ ಮಂಡಿಯವರು ಹೊಟ್ಟೆಕಿಚ್ಚಿನಿಂದ ಒಮ್ಮೆ ಕೆಣಕಿದರು:

"ಒಟ್ಟೆ ತುಂಬಿದ ಬೆಕ್ಕು ಇಲಿ ಇಡೀತದಾ?"

"ಒಟ್ಟೆ ತುಂಬದ ಆಳು ಮೂಟೆ ಒರ್ತಾನಾ?" ಅಂದ ಮಾವ.

"ಅಲ್ಲ ಕಣಯ್ಯ, ಎಲ್ರೂ ಹಾಲನ್ನ ಹಾಕ್ತಾರೆ. ನೀನು ಮಾತ್ರ ಯಾಕೆ ಹಿಂಗೆ? ಹಾಕಲೇಬೇಕು ಅಂದ್ರೆ ಮಿಲ್ಟ್ರಿ ಹೋಟ್ಲಲ್ಲಿ ಉಳಿದದ್ದು ಬೇಯಿಸಿದ್ದಾದ್ರೂ ತಂದಾಕು."

"ಸಿವ ಬೆಕ್ಕಿಗೆ ಹಲ್ಲು ಕೊಟ್ಟವ್ನೆ. ಒಲೆ ಕೊಟ್ಟವ್ನಾ?"

ಮಾವನ ಹತ್ತಿರ ಎಲ್ಲಕ್ಕೂ ಹೀಗೆ ಉತ್ತರ ಸಿದ್ಧ. ಹಾಲನ್ನದ ಮಾತು ಬಂದರೆ ಮಾತ್ರ ಮಾವ ಮುಖ ತಿರುಗಿಸಿಬಿಡುತ್ತಿದ್ದ. ನಮ್ಮ ಮನೆಯಲ್ಲಿ ಬೆಕ್ಕಿಗೆ ಹಾಲನ್ನ ಕಲಸುವಂತೆಯೇ ಇರಲಿಲ್ಲ. ಸೋಮವಾರ ಶಿವನ ವಾರ, ಬಾಡಿನಂಗಡಿಯ ಕಡೆ ತಲೆ ಹಾಕುವಂತಿಲ್ಲ. ಅವತ್ತು ಬೆಕ್ಕುಗಳಿಗೆ ಬರೀ ಹಾಲು. ಊರಿನಲ್ಲಿ ಸೋಮವಾರ ಒಪ್ಪತ್ತು ಹಿಡಿಯುವ ಬೆಕ್ಕುಗಳು ಬೇರೆ ಎಲ್ಲಾದರೂ ಇದ್ದವೇ?

ಇನ್ನು ಆ ಬಾಡು ತರುವ ವೈಖರಿ. ಮುಟ್ಟುವಂತಿಲ್ಲ, ಚೀಲದಲ್ಲಿಟ್ಟರೆ ಚೀಲ ಮೈಲಿಗೆ, ಚೀಲ ಹಿಡಿದರೆ ಕೈ ಮೈಲಿಗೆ. ಮಾವ ಬಹಳ ಯೋಚಿಸಿ ಆರು ಮೊಳದ ಬಿದಿರು ಕೋಲೊಂದನ್ನು ಮಾಡಿಸಿದ್ದ. ಅಂಗಡಿಯ ಮುಂದೆ ನಿಂತು, ಕೊರಳಿನ ಲಿಂಗದ ಕರಡಿಗೆಯನ್ನು ಬೆನ್ನಿಗೆ ತಿರುಗಿಸಿಕೊಂಡು, "ಸಿವ ಅತ್ಲಾಗೆ ನೋಡ್ತಿರ್ಲಿ" ಎಂದು ಕೋಲು ಚಾಚುತ್ತಿದ್ದ. ಸಾಬರು ಬಾಡನ್ನು ಸಣ್ಣಗೆ ಕೊಚ್ಚಿ, ಮುತ್ತುಗದೆಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕೋಲಿನ ತುದಿಗೆ ಕಟ್ಟುತ್ತಿದ್ದರು. ಆಮೇಲೆ ಮೆರವಣಿಗೆ! ಚೀಲದಲ್ಲಿ ತಂದಿದ್ದರೆ ಒಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಮಡಿ ಕೆಡಬಾರದೆಂದು ಬಾವುಟದಂತೆ ಎತ್ತಿ ಹಿಡಿದು ತಂದದ್ದರಿಂದ ಇಡೀ ಪೇಟೆಗೆ ಗೊತ್ತು. ಹಿಂದಿನ ಓಣಿಯಲ್ಲಿ ಬರೋಣವೆಂದರೆ ಆರು ಮೊಳದ ಕೋಲು ಅಲ್ಲಿಯ ತಿರುವಿನಲ್ಲಿ ತಿರುಗದು!

ಮನೆಗೆ ಬಂದು ಹಿತ್ತಲಿನ ಕಲ್ಲಿನ ಮೇಲೆ ಪೊಟ್ಟಣ ಇಳಿಸಿ, "ಬನ್ನಿ ಸಾಮಿ, ಎದ್ದೇಳಿ, ಒತ್ತಾಯ್ತು" ಎಂದು ಕರೆಯುತ್ತಿದ್ದ. ಬೆಕ್ಕುಗಳನ್ನು! ಅವು ಉಂಡ ಮೇಲೆ ಕಲ್ಲು ತೊಳೆದು, ಕೋಲು ತೊಳೆದು, ಸೂರಿಗೆ ಸಿಕ್ಕಿಸಿ, ಇನ್ನೊಂದು ಸ್ನಾನ. ನನಗೆ ಮಾತ್ರ "ಕತ್ತೆ" ಎಂಬುದೇ ಹೆಸರು. ಚಾಮರಾಜನಗರದ ರೈಲು ಸ್ಟೇಷನ್ನಿನಿಂದ ಉಪ್ಪು, ಸೀಮೆಎಣ್ಣೆ ಹೇರಿಕೊಂಡು ನಾನು ಬಂಡಿ ಹೊಡೆದು ಬಂದರೆ, ಸರಕು ಬಂತಾ, ಎತ್ತು ಕುಂಟಿತಾ ಎಂದು ಕೇಳುವುದಕ್ಕೂ ಮೊದಲು, "ಉಂಡ್ಯೇನ್ಲಾ ಕತ್ತೆ?" ಎನ್ನುತ್ತಿದ್ದ. ಮೀಸೆ ಬಂದ ಗಂಡಸನ್ನು ದಿನಾ ಇದೇ ಕೇಳಿದರೆ ರೇಗುವುದಿಲ್ಲವೇ?

ನನ್ನ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಮಾವನ ಮನೆಯಲ್ಲೇ ಬೆಳೆದವನು, ಮನೆಗೆ ನಾವಿಬ್ಬರೇ. ಓದಿದ್ದು ಮೂರನೇ ಕ್ಲಾಸು. ಆಮೇಲೆ ಎತ್ತಿನ ಬಾಲವೇ ನನ್ನ ಬಳಪ. ಆದರೆ ನಾನು ಹೊಡೆದ ಬಂಡಿಯಿಂದ ಒಂದು ಮೂಟೆ ಒದ್ದೆಯಾಗಿ ಇಳಿದದ್ದಿಲ್ಲ, ಕೀಲಿಗೆ ಎಣ್ಣೆಯಿಲ್ಲದೆ ಗಾಲಿ ಕಿರುಗುಟ್ಟಿದ್ದಿಲ್ಲ. ನಾನು ಯಾರಿಗೂ ತಲೆ ತಗ್ಗಿಸಿದವನಲ್ಲ. ತಗ್ಗಿಸಿದ್ದರೆ ಆ ಕೋಲಿಗೆ ಮಾತ್ರ. ಅದು ಪೇಟೆಬೀದಿಯಲ್ಲಿ ಬರುವುದು ಕಂಡರೆ ನಾನು ಬಂಡಿಯನ್ನು ಬೇರೆ ಬೀದಿಗೆ ತಿರುಗಿಸುತ್ತಿದ್ದೆ.

ಒಂದು ಸಲ ಮಾವನಿಗೆ ಚಳಿಜ್ವರ ಬಂತು. ಕಂಬಳಿಯೊಳಗಿಂದಲೇ, "ಅವ್ರು ಅಸ್ಕೊಂಡವ್ರೆ, ಓಗ್ಲಾ" ಎಂದ. ಹೋದೆ. ಅಂಗಡಿಯಲ್ಲಿ ಏನು ಕೇಳಬೇಕೆಂದು ನನಗೇನು ಗೊತ್ತು? ನಾನು ಜನ್ಮದಲ್ಲಿ ಕೊಂಡಿದ್ದೆಲ್ಲ ತರಕಾರಿ! ಕಣ್ಣು ಮುಚ್ಚಿಕೊಂಡು, "ಎಳೇದು ನೋಡಿ ಕೊಡಿ, ಬಲಿತದ್ದು ಬೇಡ, ನಿನ್ನೆ ಕುಯ್ದದ್ದು ಬಾಡಿರ್ತದೆ" ಎಂದೆ.

ಸಾಬರು ಕತ್ತಿ ಕೆಳಗಿಟ್ಟು ನಕ್ಕರು. "ಇದೇನ್ ಸಾಮಿ, ಬೆಂಡೇಕಾಯಾ? ತುದಿ ಮುರಿದು ತೋರಿಸ್ಲಾ?"

ಪೊಟ್ಟಣ ಕಟ್ಟಿಸಿಕೊಂಡವನು ನಾಚಿಕೆಗೆ ಕೋಲನ್ನು ಹೆಗಲ ಮೇಲೆ ಹಿಂದಕ್ಕೆ ಇಟ್ಟು, ಪೊಟ್ಟಣಕ್ಕೂ ನನಗೂ ಸಂಬಂಧವೇ ಇಲ್ಲವೆಂಬಂತೆ ಬಿರಬಿರನೆ ನಡೆದೆ. ಮನೆಗೆ ಬಂದು ನೋಡಿದರೆ ಕೋಲಿನ ತುದಿಯಲ್ಲಿ ಬಾಳೆನಾರು ಮಾತ್ರ. ಹಿಂದೆ ನಾಲ್ಕು ನಾಯಿಗಳು ಬಾಯಿ ನೆಕ್ಕಿಕೊಂಡು, ಇನ್ನೂ ಇದೆಯೇ ಎಂಬಂತೆ ನಿಂತಿವೆ!

ಮಾವ ನಡುಗುತ್ತಲೇ ಎದ್ದು ಕುಳಿತ. "ಕೋಲು ಮುಂದ್ಕೆ ಹಿಡೀಬೇಕು ಕಣ್ಲಾ. ನಾಚ್ಕೊಂಡು ಹಿಂದ್ಕೆ ಹಿಡಿದ್ರೆ ನಾಯಿ ಪಾಲಾಯ್ತದೆ."

ಇದೆಲ್ಲ ನಗುವ ಮಾತಾಯಿತು. ಅಳುವ ಮಾತೇನೆಂದರೆ, ಈ ಕೋಲಿನ ದೆಸೆಯಿಂದ ನನ್ನ ಮದುವೆ ಎರಡು ಸಲ ಮುರಿದಿತ್ತು. ಹರವೆಯ ಕಡೆಯ ಸಂಬಂಧವೊಂದು ತಾಂಬೂಲದ ತನಕ ಬಂದಿತ್ತು. "ಆ ಮನೇಲಿ ದಿನಾ ಬಾಡು ತರ್ತಾರಂತೆ" ಎಂದು ಯಾರೋ ಉಸುರಿದರು, ಮುಗಿಯಿತು. ಇನ್ನೊಂದು ಕಡೆಯವರು ಪೇಟೆಯಲ್ಲಿ ಬಸ್ಸಿಳಿದಾಗಲೇ ಎದುರಿಗೆ ಮಾವ ಕೋಲು ಹಿಡಿದು ಬಂದ. ಅವರು ಅದೇ ಬಸ್ಸು ಹತ್ತಿದರು!

ಮೂರನೆಯದು ಉಮ್ಮತ್ತೂರಿನ ಹೆಣ್ಣು. ಆಣೆ ಹೋಗಿ ನಯಾಪೈಸೆ ಬರುವುದಕ್ಕೆ ಸ್ವಲ್ಪ ಹಿಂದಿನ ಮಾತು. ಅವಳನ್ನು ನಾನು ನೋಡಿದ್ದೆ. ಅವರ ಮನೆಗೆ ಒಮ್ಮೆ ಸರಕು ಇಳಿಸಲು ಹೋಗಿದ್ದಾಗ ನೀರು ಕೇಳಿದೆ. ಅವಳು ದೊಡ್ಡ ಕೊಳಗ ತಂದು ಮೊದಲು ನನ್ನ ಎತ್ತುಗಳ ಮುಂದಿಟ್ಟಳು. ಆಮೇಲೆ ನನಗೆ ಚೊಂಬು. "ಎಳೆದೋರು ಅವಲ್ವಾ?" ಅಂದಳು. ಅವತ್ತಿನಿಂದ ನನಗೆ ಬೇರೆ ಹೆಣ್ಣು ಬೇಡವಾಗಿತ್ತು. ಆದರೆ ಅವಳ ಅಪ್ಪ! ಅಂಗಳದಲ್ಲಿ ಒಂದು ಕೋಳಿ ಅಡ್ಡಾಡಿತೆಂದು ಗಂಡಿನ ಮನೆಯ ಬಾಗಿಲಿನಿಂದಲೇ ಹಿಂದಿರುಗಿದ ಮಹಾನುಭಾವರು. ಅವರು ಒಂದು ಮಂಗಳವಾರ ಮನೆ ನೋಡಲು ಬರುವುದಾಗಿ ಹೇಳಿ ಕಳಿಸಿದರು.

ನಾನು ಮಾವನ ಕಾಲು ಹಿಡಿದೆ. "ಮಾವ, ಅವತ್ತೊಂದು ದಿನ ಕೋಲು ಮುಟ್ಬೇಡ. ಇದೂ ತಪ್ಪೋದ್ರೆ ನಾನು ಬಂಡೀಲೇ ಮುದುಕನಾಯ್ತೀನಿ."

ಮಾವ ಬೆಕ್ಕುಗಳ ಮುಖ ನೋಡಿದ. "ಆಯ್ತು ಬುಡು" ಎಂದ.

ಸೋಮವಾರ ಹೇಗೂ ಒಪ್ಪತ್ತು. ಮಂಗಳವಾರ ಬೆಳಿಗ್ಗೆ ನಾನೇ ತೆಂಗಿನ ಚಿಪ್ಪಿನಲ್ಲಿ ಹಾಲನ್ನ ಕಲಸಿಟ್ಟೆ. ಬೆಕ್ಕುಗಳು ಮೂಸಿ ನೋಡಿ, ನನ್ನನ್ನೂ ಒಮ್ಮೆ ನೋಡಿ, ಹೊರಟುಹೋದವು. ಮಾವ ಆ ಚಿಪ್ಪನ್ನು ಕಂಡವನು ಸಟ್ಟನೆ ಬೇರೆ ಕಡೆ ತಿರುಗಿದ. ನಾನು ಮೂರನ್ನೂ ಕಣಜದ ಕೋಣೆಗೆ ಕೂಡಿ ಅಗಳಿ ಹಾಕಿದೆ. ಕೋಲನ್ನು ಸೂರಿನ ಮೇಲೆ ಇನ್ನೂ ಒಳಕ್ಕೆ ತಳ್ಳಿದೆ.

ಬಂದವರು ಇಬ್ಬರು. ಹೆಣ್ಣಿನ ತಂದೆ ಮತ್ತು ಅವರ ತಾಯಿ. ಆ ಅಜ್ಜಿ ಗೋಡೆಗೊರಗಿ ಎಲೆಯಡಿಕೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಾನು ಮಾಡಿದ ಉಪ್ಪಿಟ್ಟು ತಿಂದು ಯಜಮಾನರು ಮಾತು ಶುರುಮಾಡಿದರು. ಕುಲದ ಬೆಡಗು ಯಾವುದು, ಗುರುಮನೆ ಯಾವುದು, ಮುತ್ತಜ್ಜನ ಮುತ್ತಜ್ಜ ಯಾರು. ಮಾತು ಮುತ್ತಜ್ಜನ ಕಾಲದಲ್ಲಿರುವಾಗಲೇ ಕಣಜದ ಕೋಣೆಯಿಂದ ರಾಗ ಎದ್ದಿತು.

"ಅದೇನು ಸದ್ದು?" ಎಂದರು ಯಜಮಾನರು.

"ಪಕ್ಕದ ಮನೆ ಮಗು" ಎಂದೆ ನಾನು.

ಎರಡನೆಯದೂ ಸೇರಿಕೊಂಡಿತು. ಮೂರನೆಯದೂ.

"ಎಷ್ಟು ಮಕ್ಳು?"

"ಮೂರು."

"ಅವಕ್ಕೆ ತಾಯಿ ಇಲ್ವಾ?"

ನಾನು ಏನಾದರೂ ಹೇಳುವಷ್ಟರಲ್ಲಿ ಮಾವ ಎದ್ದು ನಿಂತಿದ್ದ. "ಈಗ ಬಂದೆ" ಎಂದು ಹೊರಗೆ ಹೋದ. ಕಿಟಕಿಯಲ್ಲಿ ನೋಡಿದೆ. ಸೂರಿನಲ್ಲಿ ಕೋಲಿರಲಿಲ್ಲ!

ಆಮೇಲೆ ಯಜಮಾನರು ಏನು ಕೇಳಿದರೋ, ನಾನು ಏನು ಹೇಳಿದೆನೋ ಆ ಶಿವನಿಗೇ ಗೊತ್ತು. ಸ್ವಲ್ಪ ಹೊತ್ತಿಗೆ ತಲೆಬಾಗಿಲಿನಲ್ಲಿ ಮೊದಲು ಒಂದು ಪೊಟ್ಟಣ ಬಂತು. ಆಮೇಲೆ ಕೋಲು ಬಂತು. ಬಂತು, ಬಂತು, ಬರುತ್ತಲೇ ಇತ್ತು. ಕೊನೆಗೆ ಮಾವ ಬಂದ, ಕರಡಿಗೆ ಬೆನ್ನ ಮೇಲೆ.

"ಏನದು?" ಎಂದರು ಯಜಮಾನರು.

"ಬಾಡು" ಎಂದ ಮಾವ. ಸುಳ್ಳು ಹೇಳುವುದೂ ಅವನಿಗೆ ಮೈಲಿಗೆಯೇ!

"ಯಾರಿಗೆ?"

"ಈ ಕತ್ತೆ ಪಕ್ಕದ ಮನೆ ಮಕ್ಳು ಅಂದ್ನಲ್ಲ, ಅವ್ರಿಗೆ. ಮೂರು ಜನಕ್ಕೂ."

ಯಜಮಾನರು ಎದ್ದು ಚಪ್ಪಲಿ ಹುಡುಕತೊಡಗಿದರು. ನನ್ನ ಜೀವ ಅರ್ಧ ಆ ಚಪ್ಪಲಿಯೊಳಗೆ ಹೊಕ್ಕಿತು. ಅಜ್ಜಿ ಮಾತ್ರ ಕಣ್ಣು ತೆರೆದರೇ ಹೊರತು ಏಳಲಿಲ್ಲ. "ನೀನು ಓಗಪ್ಪ. ನಾನು ಆ ಮಕ್ಳ ಊಟ ನೋಡ್ಕಂಡು ಬತ್ತೀನಿ" ಎಂದು ಹಿತ್ತಲಿಗೆ ನಡೆದರು. ಹೆತ್ತ ತಾಯಿಯನ್ನು ಬಿಟ್ಟು ಹೋಗುವುದು ಹೇಗೆ? ಯಜಮಾನರೂ ಹಿಂದೆ ಬಂದರು, ಮೂಗಿಗೆ ಟವೆಲ್ಲು ಹಿಡಿದುಕೊಂಡು.

ನಾನು ಅಗಳಿ ತೆಗೆದೆ. ಮೂರೂ ಬಾಣದಂತೆ ಬಂದು ಕಲ್ಲಿನ ಸುತ್ತ ಕುಳಿತವು. "ಬನ್ನಿ ಸಾಮಿ, ತಡವಾಗೋಯ್ತು, ಬೇಜಾರು ಮಾಡ್ಕಬೇಡಿ" ಎಂದ ಮಾವ.

ಅಜ್ಜಿ ನೋಡಿದರು, ನೋಡಿದರು. "ನೀನು ಇದ ಮುಟ್ಟಾಕಿಲ್ವಾ?"

"ಇಲ್ಲ ಅವ್ವ."

"ತಿನ್ನಾಕಿಲ್ವಾ?"

"ಸಿವಸಿವಾ!"

"ಮತ್ಯಾಕಪ್ಪ ಈ ಪಡಿಪಾಟ್ಲು?"

"ಅವ್ರಿಗೆ ಅಸಿವಾಯ್ತದಲ್ಲ ಅವ್ವ."

ಅಜ್ಜಿ ಮಗನ ಕಡೆ ತಿರುಗಿದರು. "ಕೋಳಿ ಇಲ್ಲದ ಮನೆ ಹುಡುಕ್ತಾ ಹುಡುಕ್ತಾ ಹೆಣ್ಣ ಮನೇಲೇ ಇಟ್ಕೊಂಡಿದ್ದೀಯ. ಹೆಣ್ಣು ಕೊಡೋ ಮನೇಲಿ ನೋಡ್ಬೇಕಾದ್ದು ಒಂದೇ ಕಣಪ್ಪ. ಅಸಿದೋರ ಸದ್ದು ಯಜಮಾನನ ಕಿವಿಗೆ ಬೀಳ್ತದಾ ಇಲ್ವಾ ಅಂತ. ಇಲ್ಲಿ ಬಿತ್ತು. ಚಪ್ಪಲಿ ಬುಡು."

ಯಜಮಾನರು ಚಪ್ಪಲಿ ಬಿಟ್ಟರು, ಟವೆಲ್ಲು ಬಿಡಲಿಲ್ಲ. ಕೊನೆಗೆ ಒಪ್ಪಿದರು, ಒಂದು ಕರಾರಿನ ಮೇಲೆ. "ಆ ಕೋಲು ಇನ್ನೂ ಎರಡು ಮೊಳ ಉದ್ದ ಆಗ್ಬೇಕು!"

ಅಬ್ಬ! ಒದ್ದೆ ಮೂಟೆ ಹೊತ್ತು ಏರು ಹತ್ತಿದವನು ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡುತ್ತಾನಲ್ಲ, ಹಾಗಾಯಿತು ನನಗೆ. ಅವರನ್ನು ಬಸ್ಸು ಹತ್ತಿಸಿ ಬಂದು, ನೆಮ್ಮದಿಗೋ ಸಿಟ್ಟಿಗೋ, ಮಾವನ ಮೇಲೆ ಕೂಗಾಡಿದೆ.

"ಒಂದು ಗಳಿಗೆ ತಡೀಬಾರದಿತ್ತಾ ಮಾವ? ಅವ್ರ ಮಾತು ಮುಗೀತಾ ಬಂದಿತ್ತು!"

ಮಾವ ಎರಡನೆಯ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದ. "ಅದೇ ಮಾತ ನಾನೂ ಹಿಂದೆ ಒಬ್ಬನಿಗೆ ಏಳಿದ್ದೆ ಕಣ್ಲಾ."

"ಯಾರಿಗೆ?"

"ನಿಂಗೆ. ನಿಮ್ಮವ್ವ ತೀರ್ಕೊಂಡು, ಹಂಗಳದ ನಿಮ್ಮನೆಯಿಂದ ನಿನ್ನ ಎತ್ಕೊಂಡು ಬಂದೆ. ಆಗ ನಿಂಗೆ ಮೂರೋ ನಾಲ್ಕೋ. ಇದೇ ಪಡಸಾಲೇಲಿ ನೆಂಟ್ರೆಲ್ಲ ಕುಂತು, ಕೂಸ ಯಾರು ಇಟ್ಕೊಳ್ಳೋದು ಅಂತ ಮಾತಾಡಿದ್ರು. ನೀನು ಬಂದು ನನ್ನ ಪಂಚೆ ಎಳ್ದೆ. ದೊಡ್ಡೋರ ಮಾತು ಮುಗೀಲಿ ತಡಿ ಅಂದ್ಬುಟ್ಟೆ. ಮಾತು ಮುಗಿಯಾಕೆ ದೀಪ ಹಚ್ಚೋ ಹೊತ್ತಾಯ್ತು. ಬಂದು ನೋಡ್ತೀನಿ, ಬೆಕ್ಕಿಗೆ ಚಿಪ್ಪಲ್ಲಿ ಇಟ್ಟಿದ್ದ ಹಾಲನ್ನ ನೀನು ಉಂಡಿದ್ದೆ. ಅದು ಪಕ್ಕದಲ್ಲೇ ಕುಂತು ನೋಡ್ತಾ ಇತ್ತು. ಕಿತ್ಕೊಳ್ಳಲಿಲ್ಲ." ಮಾವ ಟವೆಲ್ಲು ಹಿಂಡಿದ. "ಇವೆಲ್ಲ ಅದರ ಮರಿಮಕ್ಳು. ಇವಕ್ಕೆ ತಡಿ ಅನ್ನಾಕೆ ನಂಗೆ ಬಾಯಿ ಬರಾಕಿಲ್ಲ."

ನನಗೆ ಅದೊಂದೂ ನೆನಪಿರಲಿಲ್ಲ. ಕಲ್ಲಿನ ಪಕ್ಕದಲ್ಲಿ ನಾನು ಬೆಳಿಗ್ಗೆ ಇಟ್ಟಿದ್ದ ಚಿಪ್ಪು ಹಾಗೇ ಇತ್ತು. ತೆಗೆದು ಗೊಬ್ಬರದ ಗುಂಡಿಗೆ ಎಸೆದೆ.

ಮಾರನೆಯ ದಿನ ಬುಧವಾರ. ಎಂಟು ಮೊಳದ ಹೊಸ ಬಿದಿರು ಕಡಿದು ತಂದು, ಮಾವ ಪೂಜೆಗೆ ಕುಳಿತಿರುವಾಗಲೇ ನಾನು ಹೊರಟೆ. "ಇವತ್ತು ಬೆಂಡೇಕಾಯಿ ಎಳೇದದೆ ಸಾಮಿ" ಎಂದರು ಸಾಬರು. ನಾನೂ ನಕ್ಕೆ. ನನ್ನ ಕರಡಿಗೆಯನ್ನು ಬೆನ್ನಿಗೆ ತಿರುಗಿಸಲಿಲ್ಲ. ಶಿವನೂ ನೋಡಲಿ ಅನ್ನಿಸಿತು. ಕೋಲನ್ನು ಮುಂದಕ್ಕೆ ಹಿಡಿದು ನಟ್ಟನಡುವೆ ಪೇಟೆಬೀದಿಯಲ್ಲಿ ನಡೆದು ಬಂದೆ. ನಮ್ಮ ತಲೆಬಾಗಿಲಿನಲ್ಲಿ ಮೊದಲು ಪೊಟ್ಟಣ ಹೋಯಿತು, ಆಮೇಲೆ ಕೋಲು, ಬಹಳ ಹೊತ್ತಿನ ಮೇಲೆ ನಾನು.

ಮಾವ ಜಗಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕುಳಿತಿದ್ದ, ಸುತ್ತ ಮೂವರೂ. ಕೋಲನ್ನು ತುದಿಯಿಂದ ಬುಡದ ತನಕ ನೋಡಿದ. ಬುಡದಲ್ಲಿ ನಿಂತಿದ್ದ ನನ್ನನ್ನೂ ನೋಡಿದ.

"ಉಂಡ್ಯೇನ್ಲಾ ಕತ್ತೆ?"

"ಇಲ್ಲ ಮಾವ," ಎಂದೆ. "ಅಸಿವಾಯ್ತಾ ಅದೆ."