ಇಲ್ಲೇ ಬಾಜೂಕ

ಯಾರು ಎಲ್ಲಿದ್ದಾರೆ ಎಂದು ಕಂಡುಹಿಡಿಯುವ ಕೆಲಸ ಒಮ್ಮೆ ಮನೆಯೊಳಗೆ ಹೊಕ್ಕರೆ ಸಾಕು, ಒಂದಲ್ಲ ಒಂದು ಫಜೀತಿ ದಿನಾ ಬಂದು ಬಾಗಿಲು ತಟ್ಟುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು.

ನಾನು ಹುಟ್ಟಿದ್ದು ನಂಜನಗೂಡಿನಲ್ಲಿ. ಮದುವೆಯಾಗಿ ಬೆಳಗಾವಿಗೆ ಬಂದೆ, ಇಲ್ಲಿಯೇ ಮುದುಕಿಯಾದೆ. ಬಂದ ಹೊಸತರಲ್ಲಿ ಕಲಿತ ಮೊದಲ ಮಾತು ‘ಬಾಜೂಕ’. ಪಕ್ಕದಲ್ಲಿ ಎಂದು ಅರ್ಥವಂತೆ. ನಮ್ಮ ಯಜಮಾನರು ಚಪ್ಪಲಿ ಮೆಟ್ಟುವಾಗ, “ಇಲ್ಲೇ ಬಾಜೂಕ ಹೋಗಿ ಬರ್ತೀನಿ” ಎನ್ನುತ್ತಿದ್ದರು. ಪಕ್ಕದಲ್ಲೇ ತಾನೇ ಎಂದು ನಾನು ಅನ್ನ ಬಸಿದು ಕಾಯುತ್ತಿದ್ದೆ. ಅವರು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಗುಂಡಿ ಒತ್ತುವ ಮೊಬೈಲು ಎಲ್ಲರ ಕೈಗೂ ಬರತೊಡಗಿತ್ತು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಮ್ಮ ಸೊಸೆ ಕೆಲಸ ಬಿಟ್ಟು, ಮಹಡಿಯ ಕೋಣೆಯಲ್ಲಿ ಕುಳಿತು ಫೋನಿಗೆ ಹಾಕುವ ಒಂದು ಪ್ರೋಗ್ರಾಮ್ ಬರೆಯತೊಡಗಿದಳು. ಈಗ ಆ್ಯಪ್ ಎನ್ನುತ್ತಾರಲ್ಲ, ಅಂಥದ್ದು. ಆ ಫೋನಿಗೆ ಒಂದು ಮೆಸೇಜ್ ಕಳಿಸಿದರೆ, ಅದು ತಾನು ಹಿಡಿದಿರುವ ಟವರ್ ನೋಡಿಕೊಂಡು, ಯಾವ ಊರು, ಯಾವ ಬಡಾವಣೆ ಎಂದು ತಿರುಗಿ ಮೆಸೇಜ್ ಕಳಿಸಬೇಕು.

“ದೀಪಾವಳಿ ತನಕಾ ನೋಡ್ತೀನ್ರಿ ಅತ್ತ್ಯಾರ. ಒಬ್ಬ ಗಿರಾಕೀನೂ ಬರಲಿಲ್ಲಂದ್ರ ಹೊಳ್ಳಿ ಕಾಲೇಜಿಗೆ ಹೋಗ್ತೀನಿ” ಎಂದಿದ್ದಳು.

ಅವಳ ಮಾವನವರು, ಅಂದರೆ ನಮ್ಮ ಯಜಮಾನರು, ಮಾತ್ರ ನಗುತ್ತಿದ್ದರು. “ಎಲ್ಲಿ ಅದೀಯೋ ಅಂತ ಕೇಳಿದ್ರ ಮನಷ್ಯಾನ ಹೇಳ್ತಾನ. ಅದಕ್ಕ ಯಂತ್ರ ಯಾಕ ಬೇಕವಾ?”

ಈ ಮಾತು ಆಡಿದವರು ಯಾರು ಎಂಬುದನ್ನು ಮಾತ್ರ ಮರೆಯಬೇಡಿ.

ದಾರಿ ತಪ್ಪಿದ ಅಜ್ಜಿ

ಟವರಿಗೆ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾವ ಬಡಾವಣೆಯದು ಎಂದು ಅಲ್ಲಿಗೇ ಹೋಗಿ ನೋಡಬೇಕು. ಕನ್ನಡ ಶಾಲೆಯಿಂದ ನಿವೃತ್ತಳಾಗಿ ಮನೆಯಲ್ಲಿದ್ದ ನನಗೆ ಆ ಕೆಲಸ ಬಂತು. ಸಿಟಿ ಬಸ್ಸು ಹತ್ತುವುದು, ಇಳಿಯುವುದು, ಫೋನ್ ನೋಡುವುದು, ಸೊಸೆಗೆ ನಂಬರು ಹೇಳುವುದು.

ಮಚ್ಛೆಯಲ್ಲಿ ಒಂದು ಕಾರ್ಖಾನೆಯ ಗೇಟಿನ ಮುಂದೆ ನಂಬರು ಸುಮ್ಮನೆ ನಿಲ್ಲಲೊಲ್ಲದು. ಆ ಕಡೆ ನಡೆದರೆ ಒಂದು, ಈ ಕಡೆ ನಡೆದರೆ ಇನ್ನೊಂದು. ಬಿಸಿಲಲ್ಲಿ ಅತ್ತಿತ್ತ ಅಲೆಯುತ್ತಿದ್ದ ನನ್ನನ್ನು ನೋಡಿ ವಾಚ್‌ಮನ್ ಹತ್ತಿರ ಬಂದ.

“ಏನ ಹುಡಕಾಕತ್ತೀರಿ ಅಮ್ಮಾರ?”

“ಈ ಫೋನ್ ಎಲ್ಲಿದೆ ಅಂತ ನೋಡ್ತಿದ್ದೀನಪ್ಪ.”

ಅವನು ನನ್ನ ಕೈ ನೋಡಿದ, ಮುಖ ನೋಡಿದ. “ನಿಮ್ಮ ಕೈಯಾಗ ಐತೆಲ್ರಿ!”

“ಅದು ನನಗೆ ಗೊತ್ತಪ್ಪ. ತಾನು ಎಲ್ಲಿದ್ದೀನಿ ಅಂತ ಅದಕ್ಕೆ ಗೊತ್ತಾ ಅಂತ ನೋಡ್ಬೇಕು.”

ಅವನ ದನಿ ಒಮ್ಮೆಲೇ ಮೆತ್ತಗಾಯಿತು. “ಬರ್ರಿ, ಇಲ್ಲಿ ನೆರಳಾಗ ಕುಂದರ್ರಿ” ಎಂದು ತನ್ನ ಕುರ್ಚಿ ಕೊಟ್ಟ, ಚಹಾ ತರಿಸಿದ. ಚಹಾ ಮುಗಿಯುವಷ್ಟರಲ್ಲಿ ಆಟೋ ಬಂದು ನಿಂತಿತ್ತು. ಬೇಡವೆಂದರೂ ಕೇಳದೆ ನನ್ನನ್ನು ಕೂರಿಸಿ, ಆಟೋದವನ ಕಿವಿಯಲ್ಲಿ ನನಗೂ ಕೇಳುವಂತೆ ಹೇಳಿದ: “ಹಗೂರ ಕರಕೊಂಡ ಹೋಗು. ಅಜ್ಜಿ ದಾರಿ ತಪ್ಪ್ಯಾಳ. ಮಾತೂ ನಮ್ಮ ಕಡೀದಲ್ಲ, ಪಾಪ, ಭಾಳ ದೂರಿಂದ ನಡಕೋತ ಬಂದಂಗ ಕಾಣಸ್ತೈತಿ!”

ರವಿವಾರ ಪೇಟೆಯಿಂದ ಬಂದ ಸುದ್ದಿ

ಆ ಫೋನುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕು. ಮೆಸೇಜಿನ ಒಕ್ಕಣೆಯನ್ನು ಕನ್ನಡ ಟೀಚರಾದ ನಾನೇ ಬರೆದುಕೊಟ್ಟೆ: ಮೊದಲು ಬಡಾವಣೆಯ ಹೆಸರು, ಆಮೇಲೆ ‘ಇಲ್ಲಿ ಇದೆ’. ಆದಷ್ಟು ಚಿಕ್ಕದಾಗಿರಲಿ ಎಂದು ಸೊಸೆ ಹೇಳಿದ್ದರಿಂದ ‘ಇಲ್ಲಿ’ಗೆ ಎರಡು ಎಲ್ ಯಾಕೆ, ಒಂದು ಸಾಕು ಎಂದುಕೊಂಡೆ.

ನಮ್ಮ ಓಣಿಯ ಕಿರಾಣಿ ಅಂಗಡಿಯವರು ಫೋನನ್ನು ಎಲ್ಲೆಂದರಲ್ಲಿ ಮರೆತು ಬರುವವರು. ಅವರ ಫೋನಿಗೇ ಮೊದಲು ಪ್ರೋಗ್ರಾಮ್ ಹಾಕಿದೆವು. ಎರಡೇ ದಿನಕ್ಕೆ ಫೋನ್ ಕಾಣೆಯಾಯಿತು. ಹೆಂಡತಿಯ ಫೋನಿನಿಂದ ಮೆಸೇಜ್ ಕಳಿಸಿದರು. ಉತ್ತರ ಬಂತು. ರವಿವಾರ ಪೇಟೆಯಲ್ಲಿ ಅವರ ಅಕ್ಕಿಯ ಗೋದಾಮಿದೆ. ಉತ್ತರ ಓದಿದ್ದೇ ತಡ, ಹಮಾಲರನ್ನು ಕರೆದುಕೊಂಡು ಅತ್ತ ಓಡಿದರಂತೆ.

ಸಂಜೆ ಮೈಯೆಲ್ಲ ಧೂಳು ಮಾಡಿಕೊಂಡು ನಮ್ಮ ಮನೆಗೆ ಬಂದರು. “ಅಕ್ಕಾರ, ನಿಮ್ಮ ಸೊಸಿ ಮಾಡಿದ್ದು ಭಾರಿ ಐತಿ ಬಿಡ್ರಿ!”

“ಫೋನ್ ಸಿಕ್ತಾ?”

“ಫೋನ್ ಎಲ್ಲೈತ್ಯೋ ಯಾಂವ ನೋಡ್ಯಾನ್ರಿ! ‘ರವಿವಾರ ಪೇಟೆ, ಇಲಿ ಇದೆ’ ಅಂತ ಬಂತು. ಚೀಲಾ ಎಲ್ಲಾ ತಗಸಿ ನೋಡಿದ್ರ, ಖರೇನ ಮೂರ ಇಲಿ ಸಿಕ್ಕವು!”

ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಸೊಸೆ ಗೋಡೆಯ ಕಡೆ ತಿರುಗಿಕೊಂಡಳು. ಅವರು ಮಾತ್ರ ಗಂಭೀರವಾಗಿ ಕೇಳಿದರು: “ಹೆಗ್ಗಣಾನೂ ತೋರಸ್ತೈತೇನ್ರಿ, ಅದಕ್ಕ ಬ್ಯಾರೆ ಹಾಕಸಬೇಕೋ?”

ಗೋವಾಕ್ಕೆ ಹೋದವರು

ನಮ್ಮ ಯಜಮಾನರ ಅಕ್ಕ ಖಾನಾಪುರದಲ್ಲಿದ್ದಾರೆ. ಅವರ ಗಂಡ ಮಹಾ ಶಿಸ್ತಿನವರು. ಹಣೆಯಲ್ಲಿ ವಿಭೂತಿ ಇಲ್ಲದೆ ಹೊಸ್ತಿಲು ದಾಟಿದವರಲ್ಲ, ಹೊರಗೆ ಚಹಾ ಸಹ ಕುಡಿದವರಲ್ಲ. ಜಾಂಬೋಟಿಯ ಕಡೆ ಅವರ ಭತ್ತದ ಗದ್ದೆ. ದೂರದ ಊರಿಗೂ ನೋಡೋಣ ಎಂದು ಅವರ ಫೋನಿಗೂ ಪ್ರೋಗ್ರಾಮ್ ಹಾಕಿದ್ದೆವು, ಈ ಸಲ ಎರಡು ಎಲ್ ಹಾಕಿ.

ಒಂದು ದಿನ ಮಧ್ಯಾಹ್ನ ಅತ್ತಿಗೆಯ ಫೋನ್ ಬಂತು. “ಗದ್ದಿ ನೀರ ನೋಡಿ ಬರ್ತೀನಿ ಅಂತ ಹೋದಾವ್ರು ಗೋವಾದಾಗ ಅದಾರಂತಲ್ಲ ತಂಗಿ!”

ಸೊಸೆ ಹಣೆ ಹಣೆ ಬಡಿದುಕೊಂಡಳು. ಅಲ್ಲಿಯ ಗುಡ್ಡದ ಮೇಲೆ ನಿಂತರೆ ಗಡಿಯಾಚೆಯ ಗೋವಾದ ಟವರು ಹಿಡಿಯುತ್ತದೆ. ಅದನ್ನು ನಾವಿಬ್ಬರೂ ಎಷ್ಟು ಬಿಡಿಸಿ ಹೇಳಿದರೂ ಅತ್ತಿಗೆಗೆ ತಿಳಿಯಲಿಲ್ಲ.

ಸಂಜೆ ಆ ಹಿರಿಯರು ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಮನೆಗೆ ಬಂದರೆ, ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಬಾಯಿಯ ವಾಸನೆ ನೋಡಿದರಂತೆ.

“ಬಾಯಿ ಯಾಕ ನೋಡ್ತಿ? ಕಾಲ ನೋಡು! ಗೋವಾದಾಗ ಭತ್ತಾ ಹಚ್ಚಾಕ ಹೋಗಿದ್ನೇನು?” ಎಂದು ಗಂಡ ಗುಡುಗಿದರು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: “ನೀವು ಹೋಗಿದ್ದಕ್ಕ ನನಗ ಸಿಟ್ಟಿಲ್ರಿ. ಲಗ್ನಾದಾಗಿಂದ ಕೇಳಾಕತ್ತೀನಿ, ಸಮುದ್ರ ತೋರಸ್ರಿ ಅಂತ. ಹೋಗೂದ ಹೋದ್ರಿ, ನನ್ನ ಯಾಕ ಬಿಟ್ಟ ಹೋದ್ರಿ?”

ಗಿರಾಕಿ ಬಂದ ದಿನ

ಹೀಗೆ ಸೊಸೆಯ ಪ್ರೋಗ್ರಾಮಿಗೆ ಊರಲ್ಲಿ ಹೆಸರೇನೋ ಬಂತು. ಒಬ್ಬರು ಇಲಿ ಹಿಡಿಯುವ ಯಂತ್ರ ಎಂದರು, ಇನ್ನೊಬ್ಬರು ಸಂಸಾರ ಒಡೆಯುವ ಯಂತ್ರ ಎಂದರು. ಗಿರಾಕಿ ಮಾತ್ರ ಬರಲಿಲ್ಲ. ದೀಪಾವಳಿ ಮುಂದಿನ ವಾರವೇ ಇತ್ತು. ಸೊಸೆ ಕಾಲೇಜಿಗೆ ಉಡುವ ಸೀರೆಗಳನ್ನು ಇಸ್ತ್ರಿಗೆ ಕೊಟ್ಟು ಬಂದಿದ್ದಳು.

ಆಗ ಮಚ್ಛೆಯಿಂದ ಟೆಂಪೋ ಮಾಲೀಕರೊಬ್ಬರು, ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು. ಕಾರ್ಖಾನೆಗಳ ಸಾಮಾನು ಸಾಗಿಸುವ ಟೆಂಪೋಗಳು ಅವರವು. ಡ್ರೈವರುಗಳು ಎಲ್ಲಿದ್ದಾರೆಂದು ತಿಳಿಯುವುದೇ ಅವರಿಗೆ ದೊಡ್ಡ ತಲೆನೋವು.

ಅವರು ಬರುವ ದಿನ ನಮ್ಮ ಯಜಮಾನರು ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿದರು. “ಗಿರಾಕಿ ಬಾಯಿ ಸಿಹಿ ಮಾಡಬೇಕಲ್ಲ, ಇಲ್ಲೇ ಬಾಜೂಕ ಹೋಗಿ ಕುಂದಾ ತರ್ತೀನಿ.”

ಮಾಲೀಕರು ಬಂದರು, ಕುಳಿತರು, ಚಹಾ ಕುಡಿದರು. ಯಜಮಾನರು ಇಲ್ಲೇ ಬಾಜೂಕ ಹೋಗಿದ್ದಾರೆ, ಈಗ ಬರುತ್ತಾರೆ ಎಂದೆವು. ಕುಂದಾ ಬರಲಿಲ್ಲ. “ಎಲ್ಲಿ, ಒಂದ ಸಲ ತೋರಸವಾ ತಂಗಿ” ಎಂದರು. ಸೊಸೆ, ಮೊದಲೇ ಪ್ರೋಗ್ರಾಮ್ ಹಾಕಿಟ್ಟಿದ್ದ ಮಾವನ ಫೋನಿಗೆ ಮೆಸೇಜ್ ಕಳಿಸಿದಳು. ಉತ್ತರ ಬಂತು: ‘ಖಾನಾಪುರ ಇಲ್ಲಿ ಇದೆ.’

ಸೊಸೆಯ ಮುಖ ಸಣ್ಣದಾಯಿತು. “ನಿಮ್ಮ ಮಾವಾರು ಇಲ್ಲೇ ಅದಾರ ಅಂದ್ರೆಲ್ಲ?” ಎಂದು ಮಾಲೀಕರು ತಾವೇ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಚ್ಚಿದರು. “ಎಲ್ಲಿ ಅದೀರಿ ಸಾಹೇಬ್ರ?”

“ಇಲ್ಲೇ ಬಾಜೂಕ ಅದೀನ್ರಿ, ಈಗ ಬಂದೆ!”

ಮಾಲೀಕರು ನಿಟ್ಟುಸಿರು ಬಿಟ್ಟು ಮೇಲೆದ್ದರು. “ತಪ್ಪ ತಿಳೀಬ್ಯಾಡವಾ. ಯಂತ್ರದ ಮಾತ ಕೇಳಿ ಹಿರ್ಯಾರ ಮಾತ ಸುಳ್ಳ ಅನ್ನಾಕ ಆಗೂದಿಲ್ಲ.” ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು. ಸೊಸೆ ಬಗ್ಗಿ ಚಹಾದ ಕಪ್ಪುಗಳನ್ನು ಎತ್ತತೊಡಗಿದಳು.

ಮದುವೆಯಾದಾಗಿನಿಂದ ಆ ಮಾತನ್ನು ಕೇಳುತ್ತ ಬಂದಿದ್ದೆ. ಅದರ ಮೇಲೊಂದು ಪ್ರಶ್ನೆ ಹಾಕಬಹುದೆಂದು ನನಗೆ ಹೊಳೆದದ್ದು ಆ ದಿನವೇ. ಫೋನಿನ ಹತ್ತಿರ ಬಾಯಿಟ್ಟು ಕೂಗಿದೆ: “ರೀ, ಯಾವುದರ ಬಾಜೂಕ?”

ಉತ್ತರ ಮೆಲ್ಲಗೆ ಬಂತು: “ಖಾನಾಪುರ ಬಸ್‌ಸ್ಟ್ಯಾಂಡ್ ಬಾಜೂಕ.”

ಮಾಲೀಕರು ಹಾಕಿದ್ದ ಚಪ್ಪಲಿ ಬಿಟ್ಟು ಮತ್ತೆ ಬಂದು ಕುಳಿತರು. ನಕ್ಕು ನಕ್ಕು ಕಣ್ಣಲ್ಲಿ ನೀರು. “ನಮ್ಮ ಡ್ರೈವರ್‌ಗೋಳೂ ಎಲ್ಲಾರೂ ಇಲ್ಲೇ ಬಾಜೂಕ ಇರ್ತಾರವಾ! ಒಬ್ಬಾವನ್ನೂ ಬಿಡಬ್ಯಾಡ, ಎಲ್ಲಾರ ಫೋನಿಗೂ ಹಾಕಿಬಿಡು” ಎಂದು ಹೇಳಿ, ಮುಂಗಡವನ್ನೂ ಕೊಟ್ಟು ಹೋದರು.

ಮಧ್ಯಾಹ್ನ ಯಜಮಾನರು ಬೆವರು ಸುರಿಸುತ್ತ ಒಂದು ಡಬ್ಬಿ ಹಿಡಿದು ಬಂದರು. “ಪ್ಯಾಟಿ ಕುಂದಾ ಯಾರಿಗಿ ಬೇಕು? ಅಕ್ಕನ ಮನಿ ಎಮ್ಮಿ ಹಾಲಿಂದು ಇದು, ಸೊಸಿ ಮೊದಲ ಗಿರಾಕಿಗೆ ಅಂತ ನಿಂತು ಮಾಡಿಸ್ಕೊಂಡ ಬಂದೇನಿ” ಎಂದು ಸುತ್ತ ನೋಡಿದರು. “ಎಲ್ಲಿ ಅವರು, ಗಿರಾಕಿ?”

ಸೊಸೆ ಡಬ್ಬಿಯ ಮುಚ್ಚಳ ತೆಗೆದು, ಒಂದು ದೊಡ್ಡ ತುಣುಕು ಬಾಯಿಗೆ ಹಾಕಿಕೊಂಡು ಹೇಳಿದಳು: “ಇಲ್ಲೇ ಬಾಜೂಕ ಹೋಗ್ಯಾರ್ರಿ ಮಾವಾರ.”